ನಕ್ಷೆಯ ಮೇಲೆ ಬರೆದ ಊರು: ಪೋಕೆಮಾನ್ ಗೋ ಯಾಕೆ ಉಳಿಯಿತು?

2016ರ ಜುಲೈ 6ರಂದು ಅಮೆರಿಕ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ 'ಪೋಕೆಮಾನ್ ಗೋ' ಬಿಡುಗಡೆಯಾದಾಗ ಅದರ ಬಗ್ಗೆ ಬಂದ ಬರಹಗಳು ಹೆಚ್ಚಾಗಿ ಎರಡು ಬಗೆಯವು. ಫೋನ್ ನೋಡುತ್ತಾ ನಡೆದು ಕಂಬಕ್ಕೆ ಡಿಕ್ಕಿ ಹೊಡೆದವರ ತಮಾಷೆ ಒಂದು ಬಗೆ. ಇದು ನಾಲ್ಕು ದಿನದ ಹುಚ್ಚು, ಇಳಿದುಹೋಗುತ್ತದೆ ಎಂಬ ಭವಿಷ್ಯವಾಣಿ ಇನ್ನೊಂದು ಬಗೆ. ಹುಚ್ಚು ಇಳಿದದ್ದು ನಿಜ. ಆ ಜುಲೈನಲ್ಲಿ ಉದ್ಯಾನಗಳಲ್ಲಿ ನೆರೆದಿದ್ದ ಜಂಗುಳಿ ಅದೇ ಪ್ರಮಾಣದಲ್ಲಿ ಮತ್ತೆ ನೆರೆಯಲಿಲ್ಲ. ಆದರೆ ಆಟ ಸಾಯಲಿಲ್ಲ. 2019ರ ಹೊತ್ತಿಗೆ ಅದು ನೂರು ಕೋಟಿ ಬಾರಿ ಡೌನ್‌ಲೋಡ್ ಆಗಿತ್ತು. 2025ರಲ್ಲಿ ಅದನ್ನು ರೂಪಿಸಿದ ನಿಯಾಂಟಿಕ್ ಕಂಪನಿ ತನ್ನ ಆಟಗಳ ವಿಭಾಗವನ್ನು ಸ್ಕೋಪ್ಲಿ ಎಂಬ ಕಂಪನಿಗೆ 350 ಕೋಟಿ ಡಾಲರಿಗೆ ಮಾರಿತು. ಅದರಲ್ಲಿ ಮುಖ್ಯ ಸರಕು ಇದೇ ಆಟ.

ಹೊಸ ತಂತ್ರಜ್ಞಾನದ ಬೆರಗು ಒಂದು ಆಟವನ್ನು ಕೆಲವು ತಿಂಗಳು ಓಡಿಸಬಹುದು. ಅದು ಹತ್ತಿರಹತ್ತಿರ ಒಂದು ದಶಕ ಬಾಳಿದ್ದನ್ನು ವಿವರಿಸಲು ಬೆರಗು ಸಾಲದು. ಈ ಪ್ರಶ್ನೆಯನ್ನು ಸಾಹಿತ್ಯದ ಓದುಗರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಇದಕ್ಕೆ ಸಿಗುವ ಉತ್ತರದ ಬಹುಪಾಲು ಕಥೆಗೂ ಸ್ಥಳಕ್ಕೂ ಇರುವ ಸಂಬಂಧದ ಒಳಗೇ ಇದೆ.

ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಕೊಳ್ಳಬೇಕು. ಈ ಆಟವನ್ನು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ವರ್ಧಿತ ವಾಸ್ತವದ ಆಟ ಎನ್ನುತ್ತಾರೆ. ಫೋನಿನ ಕ್ಯಾಮೆರಾ ತೆರೆದರೆ ನಿಮ್ಮ ಮನೆಯ ಮೆಟ್ಟಿಲ ಮೇಲೆ ಪಿಕಾಚು ಕುಳಿತಂತೆ ಕಾಣುತ್ತದೆ. ಜಾಹೀರಾತುಗಳಲ್ಲಿ ಮೆರೆದದ್ದು ಈ ಚಿತ್ರವೇ. ಆದರೆ ದಿನವೂ ಆಡುವ ಬಹಳಷ್ಟು ಜನ ಕ್ಯಾಮೆರಾವನ್ನು ಆರಿಸಿಯೇ ಆಡುತ್ತಾರೆ; ಬ್ಯಾಟರಿ ಉಳಿಯುತ್ತದೆ, ಹಿಡಿಯುವುದೂ ಸುಲಭ. ಹಾಗೆ ಆರಿಸಿದ ಮೇಲೂ ಆಟ ಆಟವಾಗಿಯೇ ಉಳಿಯುತ್ತದೆ. ಹಾಗಾದರೆ ಇಲ್ಲಿ ವರ್ಧಿಸಿದ್ದು ಏನು? ಕಣ್ಣಿಗೆ ಕಾಣುವ ದೃಶ್ಯಕ್ಕಿಂತ ಹೆಚ್ಚಾಗಿ ನಕ್ಷೆ. ನಾವು ದಿನಾ ಓಡಾಡುವ ಬೀದಿಯ ನಕ್ಷೆಯ ಮೇಲೆ ಇನ್ನೊಂದು ಪದರವನ್ನು ಬರೆದಿದ್ದಾರೆ. ಆ ಪದರದಲ್ಲಿ ಗ್ರಂಥಾಲಯ ಒಂದು ನಿಲ್ದಾಣ, ಚೌಕದ ಪ್ರತಿಮೆ ಒಂದು ಅಖಾಡ.

ಈ ಬರವಣಿಗೆಗೆ ಒಂದು ಹಿನ್ನೆಲೆಯಿದೆ. ನಿಯಾಂಟಿಕ್ ಕಟ್ಟಿದ ಜಾನ್ ಹ್ಯಾಂಕಿ ಅದಕ್ಕೆ ಮೊದಲು ಕೀಹೋಲ್ ಎಂಬ ನಕ್ಷೆಯ ಕಂಪನಿಯಲ್ಲಿದ್ದರು. 2004ರಲ್ಲಿ ಅದನ್ನು ಗೂಗಲ್ ಕೊಂಡಿತು. ಅದೇ ಮುಂದೆ ಗೂಗಲ್ ಅರ್ಥ್ ಆಯಿತು. ನಿಯಾಂಟಿಕ್ ಹುಟ್ಟಿದ್ದು 2010ರಲ್ಲಿ, ಗೂಗಲ್ ಒಳಗೇ. 2012ರಲ್ಲಿ ಅದು 'ಇಂಗ್ರೆಸ್' ಎಂಬ ಆಟ ತಂದಿತು. ಇಂಗ್ರೆಸ್ ಆಡಿದವರು ತಮ್ಮೂರಿನ ಪ್ರತಿಮೆ, ಗುಡಿ, ಗೋಡೆಚಿತ್ರ, ಹಳೆಯ ಕಟ್ಟಡಗಳ ಫೋಟೋ ತೆಗೆದು, ಹೆಸರು ಬರೆದು ಕಂಪನಿಗೆ ಕಳಿಸಿದರು. ಪೋಕೆಮಾನ್ ಗೋದ ನಿಲ್ದಾಣಗಳೂ ಅಖಾಡಗಳೂ ಬಂದದ್ದು ಬಹುಮಟ್ಟಿಗೆ ಆ ರಾಶಿಯಿಂದ. ಅಂದರೆ ಈ ಜಗತ್ತಿನ ಭೂಗೋಳವನ್ನು ಬರೆದವರು ಹೆಸರಿಲ್ಲದ, ಸಂಬಳವಿಲ್ಲದ ಆಟಗಾರರು.

ಊರಿನ ಮೇಲೆ ಕಥೆಯ ಪದರ ಹಾಸುವುದು ನಮಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಸ್ಥಳಪುರಾಣ ಎಂಬ ಹೆಸರೇ ಇದೆ. ಈ ಬಂಡೆಯ ಮೇಲಿನ ಗುರುತು ಭೀಮನ ಹೆಜ್ಜೆ, ಈ ದೊಣೆಯ ನೀರು ರಾಮನ ಬಾಣದಿಂದ ಬಂದದ್ದು ಎಂದು ಹೇಳಿದ ಕೂಡಲೇ ಆ ಬಂಡೆ ಉಳಿದ ಬಂಡೆಗಳಿಂದ ಬೇರೆಯಾಗುತ್ತದೆ. ಅಲ್ಲಿ ಕಥೆಯನ್ನು ಸ್ಥಳದಿಂದ ಕೀಳಲಾಗದು. ಪೋಕೆಮಾನ್ ಗೋದಲ್ಲಿ ಹೀಗಲ್ಲ. ಕೆಲವು ಖಂಡಗಳಿಗೆ ಸೀಮಿತವಾದ ಜೀವಿಗಳನ್ನು ಬಿಟ್ಟರೆ, ಒಸಾಕಾದಲ್ಲಿ ಸಿಗುವುದೇ ಹಾವೇರಿಯಲ್ಲೂ ಸಿಗಬಹುದು. ಆ ಜೀವಿಗೆ ತಾನು ನಿಂತ ಜಾಗದ ಇತಿಹಾಸ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಸ್ಥಳಪುರಾಣದ ಅಳತೆಯಲ್ಲಿ ನೋಡಿದರೆ ಇದು ತೀರಾ ತೆಳುವಾದ ಕಥೆ. ಕುತೂಹಲದ ಸಂಗತಿಯೆಂದರೆ, ಆಟ ಉಳಿದದ್ದು ಈ ತೆಳುವಿನಿಂದಲೇ.

ಇದನ್ನು ಪರೀಕ್ಷಿಸಲು ಒಳ್ಳೆಯ ಹೋಲಿಕೆಯೊಂದು ಸಿಗುತ್ತದೆ. 2019ರ ಜೂನ್‌ನಲ್ಲಿ ಅದೇ ನಿಯಾಂಟಿಕ್ 'ಹ್ಯಾರಿ ಪಾಟರ್: ವಿಝರ್ಡ್ಸ್ ಯುನೈಟ್' ತಂದಿತು. ಅದೇ ಬಗೆಯ ನಕ್ಷೆ, ಅದೇ ನಡಿಗೆ, ಜೊತೆಗೆ ಜಗತ್ತಿನಾದ್ಯಂತ ಓದುಗರಿರುವ ಕಥಾಲೋಕ. 2022ರ ಜನವರಿ 31ಕ್ಕೆ ಅದು ಮುಚ್ಚಿತು. ಮೈಕ್ರೋಸಾಫ್ಟ್‌ನ 'ಮೈನ್‌ಕ್ರಾಫ್ಟ್ ಅರ್ಥ್' 2021ರ ಜೂನ್‌ಗೇ ಮುಗಿದಿತ್ತು. ಕೊರೋನಾ ಕಾಲದಲ್ಲಿ ಹೊರಗೆ ನಡೆಯುವ ಆಟಗಳಿಗೆ ಪೆಟ್ಟು ಬಿತ್ತು ಎಂಬ ವಿವರಣೆಯಲ್ಲಿ ಸತ್ಯವಿದೆ. ಆದರೆ ಅದೇ ಕೊರೋನಾವನ್ನು ಪೋಕೆಮಾನ್ ಗೋ ದಾಟಿತಲ್ಲ?

ವ್ಯತ್ಯಾಸವಿರುವುದು ಕಥೆಯ ವ್ಯಾಕರಣದಲ್ಲಿ. ಹ್ಯಾರಿ ಪಾಟರ್ ಲೋಕಕ್ಕೆ ಒಬ್ಬ ನಾಯಕನಿದ್ದಾನೆ, ಆರಂಭ ಮತ್ತು ಅಂತ್ಯಗಳಿವೆ. ಆ ಮಾಂತ್ರಿಕ ಲೋಕ ಸಾಮಾನ್ಯರ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಅದರ ಸ್ಥಳಗಳಿಗೆ ತಮ್ಮವೇ ಹೆಸರುಗಳಿವೆ. ಅದನ್ನು ನಮ್ಮ ಬೀದಿಗೆ ತರಲು ಆ ಆಟ ಹೂಡಿದ ಕಥೆ ಏನು? ಮಾಂತ್ರಿಕ ಲೋಕದ ವಸ್ತುಗಳೂ ಜೀವಿಗಳೂ ದಾರಿ ತಪ್ಪಿ ಸಾಮಾನ್ಯರ ಲೋಕಕ್ಕೆ ಬಂದಿವೆ, ಅವನ್ನು ವಾಪಸು ಕಳಿಸಬೇಕು ಎಂಬುದು. ಇವು ನಿಮ್ಮ ಬೀದಿಗೆ ಸೇರಿದವಲ್ಲ ಎಂದು ಆಟ ತಾನೇ ಒಪ್ಪಿಕೊಂಡಂತಾಯಿತು. ಆಟಗಾರ ಅಲ್ಲಿ ಬೇರೊಬ್ಬನ ಕಥೆಯ ಜಾಡಮಾಲಿ.

ಪೋಕೆಮಾನ್‌ನ ಬೇರು ಬೇರೆ ಕಡೆ ಇದೆ. ಅದನ್ನು ಕಲ್ಪಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಸಂಗ್ರಹಿಸುತ್ತಿದ್ದವರು. 1996ರಲ್ಲಿ ಜಪಾನಿನಲ್ಲಿ ಗೇಮ್‌ಬಾಯ್‌ಗೆ ಬಂದ ಮೊದಲ ಆಟಗಳಲ್ಲಿ ಆ ಹವ್ಯಾಸವೇ ರೂಪ ಪಡೆದಿದೆ. ಹುಲ್ಲಿನಲ್ಲಿ ನಡೆಯಬೇಕು, ಏನೋ ಎದುರಾಗುತ್ತದೆ, ಹಿಡಿದು ಹೆಸರು ಬರೆದುಕೊಳ್ಳಬೇಕು. ಇದು ಕಾದಂಬರಿಯ ಮನಸ್ಸಲ್ಲ, ನಿಘಂಟಿನ ಮನಸ್ಸು. ಕಾದಂಬರಿ ಕೊನೆಯ ಪುಟದಲ್ಲಿ ಮುಗಿಯುತ್ತದೆ. ನಿಘಂಟಿಗೆ ಹೊಸ ನಮೂದು ಸೇರುತ್ತಲೇ ಇರುತ್ತದೆ. ರಸ್ತೆಬದಿಯ ಹುಲ್ಲು ಎಲ್ಲ ಊರಲ್ಲೂ ಇರುವುದರಿಂದ ಪೋಕೆಮಾನ್ ಯಾವ ಊರಿಗೆ ಬಂದರೂ ಪರಕೀಯ ಎನಿಸುವುದಿಲ್ಲ. ತಾಜಿರಿ ಬಯಲಿನಿಂದ ಪುಟ್ಟ ಪರದೆಗೆ ಒಯ್ದದ್ದನ್ನು ಇಪ್ಪತ್ತು ವರ್ಷಗಳ ನಂತರ ಪೋಕೆಮಾನ್ ಗೋ ಮರಳಿ ಬಯಲಿಗೆ ತಂದಿತು.

ಇನ್ನೊಂದು ಕಾರಣ ಕಾಲದ ಲಯ. ಬಿಡುಗಡೆಯಾದಾಗ ಈ ಆಟದಲ್ಲಿ ಜೊತೆಗೂಡಿ ಮಾಡುವುದು ಬಹಳ ಕಡಿಮೆ ಇತ್ತು. 2017ರಲ್ಲಿ ಹಲವರು ಒಂದೆಡೆ ಸೇರಿ ಒಂದು ದೊಡ್ಡ ಜೀವಿಯನ್ನು ಎದುರಿಸುವ 'ರೇಡ್' ಬಂತು. 2018ರ ಜನವರಿಯಿಂದ 'ಕಮ್ಯೂನಿಟಿ ಡೇ' ಶುರುವಾಯಿತು. ಆಮೇಲೆ ಬುಧವಾರ ಸಂಜೆ ಆರರಿಂದ ಏಳರವರೆಗೆ ರೇಡ್ ಗಂಟೆ ಬಂತು. ಗಮನಿಸಿ: ಇದು ಸಂತೆ ಮತ್ತು ಜಾತ್ರೆಯ ಪಂಚಾಂಗ. ವಾರಕ್ಕೊಂದು ಸಂಜೆ, ವರ್ಷಕ್ಕೊಂದು ದೊಡ್ಡ ಉತ್ಸವ. ಸಂತೆಗೆ ಹೋಗುವವರೆಲ್ಲ ಬರೀ ಸಾಮಾನಿಗಾಗಿ ಹೋಗುವುದಿಲ್ಲ. ಇಲ್ಲೂ ಅಷ್ಟೇ: ಕಾಲೇಜು ಹುಡುಗರೂ ನಿವೃತ್ತರೂ ಒಂದೇ ಪ್ರತಿಮೆಯ ಕೆಳಗೆ ನಿಲ್ಲಲು ಬೇರೆ ಕಾರಣ ಸುಲಭಕ್ಕೆ ಸಿಗದ ನಗರಗಳಲ್ಲಿ ಈ ಆಟ ಒಂದು ನೆಪ ಕೊಟ್ಟಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾದೀತು. ಎಲ್ಲ ಸ್ಥಳವೂ ಖಾಲಿ ಹುಲ್ಲಲ್ಲ. ಬಿಡುಗಡೆಯಾದ ವಾರಗಳಲ್ಲೇ ವಾಷಿಂಗ್ಟನ್ನಿನ ಹೋಲೋಕಾಸ್ಟ್ ಮ್ಯೂಸಿಯಂ, ಪೋಲೆಂಡಿನ ಆಶ್ವಿಟ್ಸ್ ಸ್ಮಾರಕಗಳು ತಮ್ಮಲ್ಲಿ ಈ ಆಟ ಬೇಡ ಎಂದವು. ಆಗಸ್ಟ್ 6ರ ಸ್ಮರಣೆಯೊಳಗೆ ತಮ್ಮ ಶಾಂತಿ ಉದ್ಯಾನದಿಂದ ಇದನ್ನು ತೆಗೆಯಿರಿ ಎಂದು ಹಿರೋಶಿಮಾ ಕೇಳಿತು. ದೇವಾಲಯಗಳಲ್ಲಿ ಆಟದ ಮೊಟ್ಟೆಗಳು ಸಿಗುತ್ತವೆ ಎಂಬ ದೂರು ಗುಜರಾತ್ ಹೈಕೋರ್ಟಿಗೂ ಹೋಯಿತು. ಈ ಆಕ್ಷೇಪಗಳ ತೂಕ ಒಂದೇ ಅಲ್ಲ. ಮೊಟ್ಟೆಯ ದೂರನ್ನೂ ಸಾಮೂಹಿಕ ಹತ್ಯೆಯ ನೆನಪನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ಎಲ್ಲವೂ ಒಂದು ಮಾತು ಹೇಳುತ್ತವೆ: ಈ ಜಾಗಕ್ಕೆ ಈಗಾಗಲೇ ಒಂದು ಓದು ಇದೆ, ನಮ್ಮನ್ನು ಕೇಳದೆ ಇನ್ನೊಂದನ್ನು ಬರೆಯಬೇಡಿ.

ಬರೆದವರು ಯಾರು ಎಂಬುದರ ಮೇಲೆ ಎಲ್ಲಿ ಬರೆದರು ಎಂಬುದೂ ನಿಂತಿದೆ. ಇಂಗ್ರೆಸ್ ಆಡುತ್ತಿದ್ದವರು ಓಡಾಡಿದ ಕಡೆ ನಿಲ್ದಾಣಗಳು ದಟ್ಟವಾದವು. ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಬಡಾವಣೆಗಳಲ್ಲಿ ಅವು ವಿರಳವಾಗಿದ್ದದ್ದು 2016ರಲ್ಲೇ ಚರ್ಚೆಗೆ ಬಂತು. ಇನ್ನೊಂದೆಡೆ ಹಣ ಕೊಟ್ಟವರಿಗೆ ನಕ್ಷೆಯಲ್ಲಿ ಜಾಗ ಸಿಕ್ಕಿತು: ಜಪಾನಿನಲ್ಲಿ ಮೆಕ್‌ಡೊನಾಲ್ಡ್ಸ್ ಹೋಟೆಲುಗಳು ಅಖಾಡಗಳಾದವು. 2016ರ ಡಿಸೆಂಬರ್‌ನಲ್ಲಿ ಆಟ ಅಧಿಕೃತವಾಗಿ ಭಾರತಕ್ಕೆ ಬಂದದ್ದೇ ರಿಲಯನ್ಸ್ ಜಿಯೋ ಜೊತೆ, ಅವರ ಅಂಗಡಿಗಳನ್ನು ನಿಲ್ದಾಣ ಮಾಡಿಕೊಂಡು. ಜನರ ನಡಿಗೆಯನ್ನು ಗಿರಾಕಿ ಅಂಗಡಿಗಳತ್ತ ತಿರುಗಿಸುವ ಪ್ರಯೋಗವಾಗಿ ಶೋಶಾನಾ ಜುಬೋಫ್ ತಮ್ಮ 2019ರ ಪುಸ್ತಕದಲ್ಲಿ ಈ ಆಟವನ್ನು ಓದುತ್ತಾರೆ. ಆ ಓದು ಸರಿಯೇ, ಆದರೆ ಪೂರ್ತಿಯಲ್ಲ. ಅದರಲ್ಲಿ ಆಟಗಾರ ಬರೀ ತಳ್ಳಿಸಿಕೊಳ್ಳುವವನು.

ಆಟಗಾರರು ತಿರುಗಿ ಮಾತಾಡಿದ್ದೂ ಉಂಟು. ಕೊರೋನಾ ಕಾಲದಲ್ಲಿ ನಿಲ್ದಾಣವನ್ನು ತಲುಪುವ ದೂರವನ್ನು ಕಂಪನಿ 40 ಮೀಟರಿನಿಂದ 80ಕ್ಕೆ ಏರಿಸಿತ್ತು. 2021ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮತ್ತೆ 40ಕ್ಕೆ ಇಳಿಸಿದಾಗ ದೊಡ್ಡ ಪ್ರತಿಭಟನೆಯೇ ನಡೆಯಿತು. ರಸ್ತೆ ದಾಟಲಾಗದ, ಮೆಟ್ಟಿಲು ಹತ್ತಲಾಗದ ಅಂಗವಿಕಲ ಆಟಗಾರರಿಗೆ ಆ 40 ಮೀಟರ್ ಎಷ್ಟು ದೊಡ್ಡದೆಂದು ಆಗ ಎಲ್ಲರಿಗೂ ಕೇಳಿಸಿತು. ಅದೇ ತಿಂಗಳು ಕಂಪನಿ ಮಣಿದು 80 ಮೀಟರನ್ನು ಖಾಯಂ ಮಾಡಿತು.

ಆದರೆ ನಕ್ಷೆಯ ಒಡೆತನದ ವಿಷಯದಲ್ಲಿ ಇಂಥ ಗೆಲುವು ಸಿಗಲಿಲ್ಲ. ಆಟಗಾರರು ಸ್ಥಳಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಚಿತ್ರಗಳನ್ನೂ ಬಳಸಿ, ಯಂತ್ರಗಳಿಗೆ ಸ್ಥಳಜ್ಞಾನ ಕೊಡುವ ಮಾದರಿಯೊಂದನ್ನು ಕಟ್ಟುತ್ತಿರುವುದಾಗಿ ನಿಯಾಂಟಿಕ್ 2024ರಲ್ಲಿ ಹೇಳಿತು. ಮರುವರ್ಷದ ಮಾರಾಟದಲ್ಲಿ ಆಟ ಸ್ಕೋಪ್ಲಿಗೆ ಹೋಯಿತು. ಅದರ ಒಡೆತನ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಗೆ ಸೇರಿದ ಸ್ಯಾವಿ ಗೇಮ್ಸ್ ಕೈಯಲ್ಲಿದೆ. ನಕ್ಷೆಯ ತಂತ್ರಜ್ಞಾನ ಮಾತ್ರ ನಿಯಾಂಟಿಕ್ ಸ್ಪೇಷಿಯಲ್ ಎಂಬ ಬೇರೆ ಕಂಪನಿಯಾಗಿ ಹ್ಯಾಂಕಿ ಬಳಿ ಉಳಿಯಿತು. ಹಣ ಹಂಚಿಕೊಳ್ಳುವ ಹೊತ್ತಿನಲ್ಲಿ ಆಟವೂ ನಕ್ಷೆಯೂ ಎರಡಾದವು. ಊರಿನ ಫೋಟೋ ತೆಗೆದು ಹೆಸರು ಬರೆದವರ ಪಾಲು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕನ್ನಡದ ಓದುಗರಿಗೆ ಇಲ್ಲಿ ನೇರವಾದ ಪ್ರಶ್ನೆಯೊಂದಿದೆ. 2023ರಲ್ಲಿ ಆಟಕ್ಕೆ ಹಿಂದಿ ಸೇರಿತು, ಕನ್ನಡ ಸೇರಲಿಲ್ಲ. ಅದಕ್ಕಿಂತ ದೊಡ್ಡ ಮಾತು ಹೆಸರಿನದು. ನಿಲ್ದಾಣವೊಂದನ್ನು ಸೂಚಿಸುವ ಆಟಗಾರ ಕೊಟ್ಟ ಹೆಸರು, ವಿವರಣೆಗಳೇ ನಕ್ಷೆಗೆ ಹೋಗುತ್ತವೆ. ಕೆರೆ ಏರಿಯ ಮೇಲಿನ ಕಲ್ಲನ್ನು ಆತ ವೀರಗಲ್ಲು ಎಂದು ಬರೆಯುತ್ತಾನೋ, ಬರೀ ಹಳೆಯ ಕಲ್ಲು ಎನ್ನುತ್ತಾನೋ ಎಂಬುದು ಆತ ಏನು ಓದಿದ್ದಾನೆ ಎಂಬುದರ ಮೇಲೆ ನಿಂತಿದೆ. ಶಾಸನತಜ್ಞರೂ ಜಾನಪದ ವಿದ್ವಾಂಸರೂ ಊರೂರು ಸುತ್ತಿ ಸ್ಥಳನಾಮಗಳನ್ನು ಕೂಡಿಹಾಕಿದ ಪರಂಪರೆ ನಮ್ಮದು. ಅದೇ ಕೆಲಸ ಈಗ ಫೋನುಗಳಲ್ಲಿ, ಖಾಸಗಿ ಕಂಪನಿಗಳ ಖಾತೆಗೆ, ಯಾವ ವಿದ್ವಾಂಸನ ಗಮನವೂ ಇಲ್ಲದೆ ನಡೆಯುತ್ತಿದೆ. ಮಕ್ಕಳ ಆಟ ಎಂದು ಇದನ್ನು ಪಕ್ಕಕ್ಕೆ ಸರಿಸಿದರೆ, ನಾಳೆ ಯಂತ್ರಗಳು ಓದುವ ನಮ್ಮೂರಿನ ನಕ್ಷೆಯಲ್ಲಿ ಆ ವೀರಗಲ್ಲು ಹಳೆಯ ಕಲ್ಲಾಗಿಯೇ ಉಳಿದುಬಿಡಬಹುದು.