ರಂಗೋಲಿ ಕೆಳಗೆ ತೂರಿದ ಕಾರು

ಬೆಲೆ 6,800 ಡಾಲರ್. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 84 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 35 ಕಿಲೋಮೀಟರಿಗೂ ಮೇಲೆ. ಏರ್‌ಬ್ಯಾಗ್, ಎ.ಸಿ., ಪವರ್ ವಿಂಡೋ ಎಲ್ಲ ಉಂಟು, ಚಕ್ರ ಮಾತ್ರ ಮೂರು. ಅಮೆರಿಕದ ಫೀನಿಕ್ಸ್ ನಗರದಲ್ಲಿ ಪಾಲ್ ಎಲಿಯೊ ಎಂಬ ಎಂಜಿನಿಯರ್ 2009ರಲ್ಲಿ ಕಟ್ಟಿದ ಎಲಿಯೊ ಮೋಟರ್ಸ್ ಇಂಥದ್ದೊಂದು ಕಾರು ಕೊಡುತ್ತೇವೆಂದು ಹೊರಟಾಗ ಜನ ನೂರು ಡಾಲರಿನಿಂದ ಸಾವಿರ ಡಾಲರಿನವರೆಗೆ ಮುಂಗಡ ಕೊಟ್ಟು ಹೆಸರು ಬರೆಸಿದರು. ಹಾಗೆ ಬರೆಸಿದವರ ಸಂಖ್ಯೆ 65,000 ಮುಟ್ಟಿತು. ಕಾರು ಮಾತ್ರ ಅವರಲ್ಲಿ ಒಬ್ಬರ ಮನೆ ಮುಂದೆಯೂ ಬಂದು ನಿಲ್ಲಲಿಲ್ಲ.

ಬಾರದ ಕಾರಿಗೆ ವಿಮರ್ಶೆ ಯಾಕೆ? ಆ ಕಾರು ಬರಲಿಲ್ಲ, ಸರಿ. ಅದನ್ನು ಬಯಸಿದವರ ಆಸೆ ಸುಳ್ಳಾಗಿರಲಿಲ್ಲ. ಮೂರು ಚಕ್ರದ ಅಗ್ಗದ ಕಾರು ನೂರು ವರ್ಷಕ್ಕೂ ಹಳೆಯ ಕನಸು. ಇಂಗ್ಲೆಂಡಿನ ಮಾರ್ಗನ್ ಕಂಪನಿ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಅದನ್ನು ಮಾರುತ್ತಿತ್ತು. ಆಮೇಲೆ ತಲೆಮಾರಿಗೊಬ್ಬರಂತೆ ಯಾರಾದರೂ ಅದನ್ನು ಹೊಸದಾಗಿ ಕಂಡುಹಿಡಿಯುತ್ತಲೇ ಬಂದಿದ್ದಾರೆ. ಅವರೆಲ್ಲರ ಪೈಕಿ ಎಲಿಯೊನ ನಕ್ಷೆ ಅಚ್ಚುಕಟ್ಟಾದದ್ದು ಎಂದೇ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಹೆಚ್ಚಿನವರು ಒಂಟಿಯಾಗಿ, ಐದು ಜನ ಕೂರುವ ಕಾರಿನಲ್ಲಿ ಹೋಗುತ್ತಾರೆ. ಆ ನಾಲ್ಕು ಖಾಲಿ ಸೀಟುಗಳನ್ನು ದಿನಾ ಹೊತ್ತು ತಿರುಗುವುದು ಯಾಕೆ ಎಂಬ ಪ್ರಶ್ನೆಯಿಂದ ಎಲಿಯೊ ಹುಟ್ಟಿತು. ಇಬ್ಬರಿಗೆ ಜಾಗ, ಅದೂ ಸ್ಕೂಟರಿನಂತೆ ಒಬ್ಬರ ಹಿಂದೆ ಒಬ್ಬರು. 0.9 ಲೀಟರಿನ ಮೂರು ಸಿಲಿಂಡರ್ ಎಂಜಿನ್, 55 ಅಶ್ವಶಕ್ತಿ. ಮನೆಯಲ್ಲಿರುವ ಕಾರನ್ನು ಮಾರಿ ಇದನ್ನು ಕೊಳ್ಳಿ ಎಂದು ಕಂಪನಿ ಹೇಳಲಿಲ್ಲ. ಅದೂ ಇರಲಿ, ಇದೂ ಇರಲಿ ಎಂದಿತು. ಬುದ್ಧಿವಂತಿಕೆಯ ಮಾತೇ. ತೊಡಕೂ ಅಲ್ಲೇ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೈಲೇಜಿನ ವಿಷಯ. ಒಂದು ಚಕ್ರ ಕಡಿಮೆಯಾದ್ದರಿಂದಲೇ ಇಷ್ಟೊಂದು ಕೊಡುತ್ತದೆ ಎಂದು ಮುಂಗಡ ಕೊಟ್ಟವರಲ್ಲಿ ಹಲವರು ನಂಬಿದ್ದಿರಬೇಕು. ಟೈರು ನೆಲಕ್ಕೆ ಉಜ್ಜುವುದರಿಂದ ಆಗುವ ನಷ್ಟ ಮುಖ್ಯವಾಗಿ ಗಾಡಿಯ ತೂಕದ ಮೇಲೆ ನಿಂತಿದೆ. ಅದೇ ತೂಕ ನಾಲ್ಕರ ಬದಲು ಮೂರರ ಮೇಲೆ ಕೂತರೆ ಉಳಿತಾಯವೇನೂ ಹೇಳಿಕೊಳ್ಳುವಂಥದ್ದಲ್ಲ. ನಿಜವಾದ ಲಾಭ ಸೀಟಿನ ಜೋಡಣೆಯದು. ಒಬ್ಬರ ಹಿಂದೆ ಒಬ್ಬರು ಕೂತರೆ ಗಾಡಿ ಕಿರಿದಾಗುತ್ತದೆ, ಎದುರಿನ ಗಾಳಿಗೆ ಒಡ್ಡುವ ಮೈ ಕಡಿಮೆಯಾಗುತ್ತದೆ. ಜರ್ಮನಿಯ ಮೆಸರ್‌ಶ್ಮಿಟ್ ಕೆಆರ್200 ಗಾಡಿ 1955ರಲ್ಲೇ ಈ ಉಪಾಯ ಬಳಸಿ 191 ಸಿಸಿ ಎಂಜಿನ್ನಿನಲ್ಲಿ ಇಬ್ಬರನ್ನು ಹೊತ್ತು ಓಡಿತ್ತು. ಹಿಂದೆ ಒಂದೇ ಚಕ್ರವಿದ್ದರೆ ಬಾಲವನ್ನು ಚೂಪಾಗಿಸಬಹುದು, ಅದರಿಂದ ಗಾಳಿಯ ಎಳೆತ ಇನ್ನಷ್ಟು ತಗ್ಗುತ್ತದೆ ಎಂಬುದನ್ನು ಒಪ್ಪೋಣ. ಆದರೆ ಫೋಕ್ಸ್‌ವ್ಯಾಗನ್ ಕಂಪನಿಯ ಎಕ್ಸ್ಎಲ್1 ನಾಲ್ಕು ಚಕ್ರ ಇಟ್ಟುಕೊಂಡೇ, ಡೀಸೆಲ್ ಜೊತೆಗೆ ಬ್ಯಾಟರಿಯನ್ನೂ ಸೇರಿಸಿ, ಎಲಿಯೊವನ್ನು ಬಹಳ ಹಿಂದೆ ಹಾಕಿತು. ಅದರ ಬೆಲೆ ಒಂದು ಲಕ್ಷ ಯೂರೋ ದಾಟಿತ್ತು ಎಂಬುದು ಬೇರೆ ಮಾತು.

ಸ್ಥಿರತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಟೋದಲ್ಲಿ ಕೂತು ತಿರುವು ದಾಟಿದ ಎಲ್ಲರಿಗೂ ಅದರ ಪಾಠ ಆಗಿದೆ. ಬ್ರೇಕ್ ಹಾಕಿದರೆ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಮುಂದೆ ಒಂದೇ ಚಕ್ರವಿದ್ದು, ಅದೇ ಹೊತ್ತಿಗೆ ಹ್ಯಾಂಡಲ್ಲನ್ನೂ ತಿರುಗಿಸಿದರೆ ಗಾಡಿ ಮೂಲೆಗೆ ವಾಲುತ್ತದೆ. ಎಲಿಯೊ ಎರಡು ಚಕ್ರಗಳನ್ನು ಮುಂದಿಟ್ಟು ಈ ದೋಷವನ್ನು ಬಹುಪಾಲು ಕಳೆದುಕೊಂಡಿತು. ಉಳಿದದ್ದು ನಡುವಿನ ಚಕ್ರದ ಕಾಟ. ನಾಲ್ಕು ಚಕ್ರದವರು ಗುಂಡಿಯನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟುತ್ತಾರೆ. ಇಲ್ಲಿ ಮುಂದಿನವು ತಪ್ಪಿಸಿಕೊಂಡರೂ ಹಿಂದಿನದು ಸರಿಯಾಗಿ ಅದರೊಳಗೇ ಇಳಿಯುತ್ತದೆ. ನಮ್ಮ ರಸ್ತೆಗಳಿಗೆ ಈ ಗಾಡಿ ಬರಲಿಲ್ಲವಲ್ಲ ಎಂದು ನಾನಂತೂ ಕೊರಗುವುದಿಲ್ಲ.

ಹಾಗಾದರೆ ಮೂರನೇ ಚಕ್ರಕ್ಕೇ ನಿಂತದ್ದು ಯಾಕೆ? ಉತ್ತರ ಕಾಯ್ದೆ ಪುಸ್ತಕದಲ್ಲಿದೆ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಲ್ಲಿ ಮೂರು ಚಕ್ರದ ಮೋಟಾರು ವಾಹನ ಮೋಟಾರ್‌ಸೈಕಲ್ ವರ್ಗಕ್ಕೆ ಸೇರುತ್ತದೆ. ಕಾರುಗಳು ಪಾಸಾಗಬೇಕಾದ ಡಿಕ್ಕಿ ಪರೀಕ್ಷೆಯ ಕಟ್ಟಳೆಗಳು ಅದಕ್ಕೆ ಅನ್ವಯಿಸುವುದಿಲ್ಲ. ಹೊಸ ಕಂಪನಿಯೊಂದಕ್ಕೆ ಇದರಿಂದ ಉಳಿಯುವ ಹಣವೂ ಕಾಲವೂ ಸಣ್ಣದಲ್ಲ. ಪರೀಕ್ಷೆ ಕಡ್ಡಾಯವಲ್ಲದಿದ್ದರೂ ಐದು ನಕ್ಷತ್ರದ ಸುರಕ್ಷತೆ ನಮ್ಮ ಗುರಿ ಎಂದು ಎಲಿಯೊ ಹೇಳಿಕೊಂಡಿತು. ಇನ್ನೊಂದು ಕಡೆ, ಮೋಟಾರ್‌ಸೈಕಲ್ ಅಂದಮೇಲೆ ಹೆಲ್ಮೆಟ್ ಬೇಕು, ಬೈಕಿನ ಲೈಸೆನ್ಸ್ ಬೇಕು ಎನ್ನುವ ರಾಜ್ಯಗಳಿದ್ದವು. ಹೆಲ್ಮೆಟ್ ಹಾಕಿಕೊಂಡು ಎ.ಸಿ. ಕಾರಿನಲ್ಲಿ ಕೂರಲು ಯಾರು ಒಪ್ಪುತ್ತಾರೆ? ಕಂಪನಿ ಒಂದೊಂದೇ ರಾಜ್ಯದ ಶಾಸನಸಭೆಯ ಬೆನ್ನುಹತ್ತಿ ‘ಆಟೋಸೈಕಲ್’ ಎಂಬ ಹೊಸ ವರ್ಗಕ್ಕಾಗಿ ಓಡಾಡಿತು. ಹಲವು ರಾಜ್ಯಗಳು ಒಪ್ಪಿದವು ಕೂಡ. ವಾಷಿಂಗ್ಟನ್ನಿನಲ್ಲಿ ಅದು ಬೈಕು, ರಾಜ್ಯಗಳಲ್ಲಿ ಕಾರು! ಒಬ್ಬರು ಚಾಪೆ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿ ಕೆಳಗೆ ತೂರುವುದೆಂದರೆ ಇದೇ.

ಈ ವಿದ್ಯೆಯಲ್ಲಿ ಪಳಗಿದವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯವರು. (ನಮ್ಮ ಅಂಬಾನಿಯವರಿಗೂ ಇದಕ್ಕೂ ಸಂಬಂಧವಿಲ್ಲ.) ರ‍್ಯಾಲೆ ಸೈಕಲ್ ಕಂಪನಿ ಮೂರು ಚಕ್ರದ ಗಾಡಿಗಳನ್ನು ಕೈಬಿಟ್ಟಾಗ ಅಲ್ಲಿದ್ದ ಟಾಮ್ ವಿಲಿಯಮ್ಸ್ ಹೊರಬಂದು ಟ್ಯಾಮ್‌ವರ್ತ್ ಊರಿನಲ್ಲಿ 1935ರಲ್ಲಿ ಶುರುಮಾಡಿದ ಕಂಪನಿ ಅದು. ಬ್ರಿಟನ್ನಿನ ಕಾಯ್ದೆಯಲ್ಲಿ ಸುಮಾರು 400 ಕಿಲೋ ಮೀರದ ಮೂರು ಚಕ್ರದ ಗಾಡಿಯನ್ನು ಬೈಕಿನ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು, ರಸ್ತೆ ತೆರಿಗೆಯೂ ಕಡಿಮೆ. ರಿಲಯಂಟ್ ಗಾಡಿಯ ಒಂದೊಂದು ಭಾಗವೂ ಈ 400 ಕಿಲೋದ ಗೆರೆಯನ್ನು ನೋಡಿಕೊಂಡೇ ತಯಾರಾದದ್ದು. ಮೈಯೆಲ್ಲ ಫೈಬರ್‌ಗ್ಲಾಸ್. ಎಂಜಿನ್ ಪೂರ್ತಿ ಅಲ್ಯುಮಿನಿಯಂ. ಬ್ರಿಟನ್ನಿನ ದೊಡ್ಡ ಕಂಪನಿಗಳಿಗಿಂತ ಮೊದಲೇ, 1962ರಲ್ಲಿ, ಅಂಥ ಎಂಜಿನ್ನನ್ನು ಇವರು ದಂಡಿಯಾಗಿ ತಯಾರಿಸಿದ್ದು ಚಿಕ್ಕ ಸಾಧನೆಯಲ್ಲ. ಮಳೆ ಚಳಿಯಲ್ಲಿ ಬೈಕು ಓಡಿಸಿ ಸಾಕಾದ, ಮದುವೆಯಾಗಿ ಮಕ್ಕಳಾದ ಕಾರ್ಮಿಕನಿಗೆ ಹೊಸ ಡ್ರೈವಿಂಗ್ ಪರೀಕ್ಷೆಯ ಗೋಜಿಲ್ಲದೆ ತಲೆಯ ಮೇಲೊಂದು ಸೂರು ಸಿಕ್ಕಿತು. 1973ರಲ್ಲಿ ರಾಬಿನ್ ಮಾದರಿ ಬಂತು, ಬೆನ್ನಿಗೇ ತೈಲ ಬಿಕ್ಕಟ್ಟೂ ಬಂತು. ರಾಬಿನ್ ಚೆನ್ನಾಗಿ ಹೋಯಿತು.

ನಗೆಪಾಟಲಿಗೂ ಈಡಾಯಿತು. ‘ಪ್ಲಾಸ್ಟಿಕ್ ಹಂದಿ’ ಎಂದು ಅಡ್ಡಹೆಸರಿಟ್ಟರು. ಮಿಸ್ಟರ್ ಬೀನ್ ನೋಡಿದವರಿಗೆ ಅವನ ಕೈಯಲ್ಲಿ ಸದಾ ಪೆಟ್ಟು ತಿನ್ನುವ ನೀಲಿ ಗಾಡಿ ನೆನಪಿರಬೇಕು, ಅದು ರಾಬಿನ್ನಿಗೆ ಮುಂಚಿನ ರೀಗಲ್. 2010ರಲ್ಲಿ ಟಾಪ್ ಗೇರ್ ಕಾರ್ಯಕ್ರಮದ ಜೆರೆಮಿ ಕ್ಲಾರ್ಕ್‌ಸನ್ ರಾಬಿನ್ನನ್ನು ತಿರುವು ತಿರುವಿಗೂ ಉರುಳಿಸಿ ಜನರನ್ನು ನಗಿಸಿದರು. ಸುಲಭವಾಗಿ ಉರುಳಲೆಂದು ಡಿಫರೆನ್ಷಿಯಲ್ಲಿಗೆ ಕೈ ಹಾಕಿಸಿದ್ದೆವೆಂದು ಕೆಲವು ವರ್ಷಗಳ ನಂತರ ಅವರೇ ಬರೆದರು. ಅಷ್ಟು ಹೊತ್ತಿಗೆ ಹೆಸರು ಕೆಟ್ಟಾಗಿತ್ತು. ಅಗ್ಗದ ಕಾರಿಗೆ ಈ ಗತಿ ನಮಗೆ ಹೊಸದಲ್ಲ. ಒಂದು ಲಕ್ಷದ ಕಾರು ಎಂದು ಸಾರಿಕೊಂಡು ಬಂದ ನ್ಯಾನೊವನ್ನು ಕೊಳ್ಳಬಲ್ಲವರೇ ದೂರವಿಟ್ಟರು. ಮನೆ ಮುಂದೆ ನಿಲ್ಲುವ ಕಾರು ನಾಲ್ಕು ಜನರಿಗೆ ಏನೋ ಹೇಳುತ್ತಿರುತ್ತದೆ. ‘ಇದಕ್ಕಿಂತ ಹೆಚ್ಚು ನಮ್ಮ ಕೈಲಾಗಲಿಲ್ಲ’ ಎಂದು ಅದು ಹೇಳುವುದು ಯಾರಿಗೂ ಬೇಡ.

ರಾಬಿನ್ನಿನ ಆಕರ್ಷಣೆ ಎಷ್ಟು ಎಂಜಿನಿಯರಿಂಗಿನದು, ಎಷ್ಟು ಕಾಯ್ದೆಯದು? ಅಳೆದು ನೋಡುವ ಅವಕಾಶವನ್ನು ರಿಲಯಂಟ್ ತಾನೇ ಒದಗಿಸಿತು. 1975ರಲ್ಲಿ ಬಹುತೇಕ ಅದೇ ಗಾಡಿಗೆ ನಾಲ್ಕನೆಯ ಚಕ್ರ ಹಾಕಿ ಕಿಟನ್ ಎಂಬ ಹೆಸರಿನಲ್ಲಿ ತಂದಿತು. ಮೈಲೇಜ್ ಒಳ್ಳೆಯದೇ ಇತ್ತು, ವಾಲುವ ಭಯವೂ ಇಲ್ಲ. ಆದರೆ ಬೈಕ್ ಲೈಸೆನ್ಸಿನ ಸೌಲಭ್ಯ ಹೋಯಿತು, ತೆರಿಗೆಯ ರಿಯಾಯಿತಿ ಹೋಯಿತು, ಪಕ್ಕದಲ್ಲಿ ಮಿನಿ ಕಾರು ನಿಂತಿತ್ತು. ಎಲ್ಲ ರೀತಿಯಿಂದಲೂ ಸುಧಾರಿಸಿದ ಕಾರು ಕೆಲವು ಸಾವಿರದಷ್ಟೇ ಮಾರಾಟವಾಗಿ 1982ಕ್ಕೆ ನಿಂತುಹೋಯಿತು. ಚಕ್ರ ಮೂರಾಗಿಯೇ ಉಳಿದ ರಾಬಿನ್ ವಂಶವೋ 2001ರವರೆಗೂ ನಡೆಯಿತು.

ಕಿಟನ್ ಕತೆ ಅಲ್ಲಿಗೆ ಮುಗಿಯಲಿಲ್ಲ, ಬೆಂಗಳೂರಿಗೆ ಬಂತು. ಇಲ್ಲಿನ ಸನ್‌ರೈಸ್ ಆಟೊಮೋಟಿವ್ ಎಪ್ಪತ್ತರ ದಶಕದಲ್ಲೇ ‘ಬಾದಲ್’ ಎಂಬ ಮೂರು ಚಕ್ರದ ಕಾರು ಮಾಡಿತ್ತು: ಫೈಬರ್‌ಗ್ಲಾಸ್ ಮೈ, ಹಿಂಬದಿಯಲ್ಲಿ 198 ಸಿಸಿಯ ಟೂ-ಸ್ಟ್ರೋಕ್ ಎಂಜಿನ್. ಅಂಬಾಸಡರ್, ಫಿಯೆಟ್‌ಗಳಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲೂ ಅದು ಹಿಡಿಸಲಿಲ್ಲ. ಆಟೋಗೂ ಮೂರು ಚಕ್ರ, ಇದಕ್ಕೂ ಮೂರು ಚಕ್ರ ಎಂದಮೇಲೆ ನಮ್ಮವರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕೆ? ಅದೇ ಕಂಪನಿ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ ಕಿಟನ್ನನ್ನು ‘ಡಾಲ್ಫಿನ್’ ಆಗಿ ಇಲ್ಲಿ ತಯಾರಿಸಿತು. ಹಗುರ ಮೈಯ ಡಾಲ್ಫಿನ್ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1983ರ ಕೊನೆಗೆ ಮಾರುತಿ 800 ಬಂದಮೇಲೆ ಮನೆಮಂದಿ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಆಮೇಲೆ ಬೆಂಗಳೂರಿನದೇ ರೇವಾ ಲಂಡನ್ನಿಗೆ ಹೋಗಿ ಜಿ-ವಿಝ್ ಎನಿಸಿಕೊಂಡಿತಲ್ಲ, ಅದಕ್ಕೆ ಚಕ್ರ ನಾಲ್ಕು. ಆದರೂ ಅಲ್ಲಿನ ಕಾಯ್ದೆಯಲ್ಲಿ ಅದು ಕಾರಲ್ಲ, ಕ್ವಾಡ್ರಿಸೈಕಲ್. ಕಾರಿಗೆ ಇರುವ ಡಿಕ್ಕಿ ಪರೀಕ್ಷೆ ಅದಕ್ಕಿರಲಿಲ್ಲ, ವಿದ್ಯುತ್ ಗಾಡಿಯಾದ್ದರಿಂದ ನಗರ ಪ್ರವೇಶ ಶುಲ್ಕವೂ ಇರಲಿಲ್ಲ. ಲಂಡನ್ನಿನವರು ಅದರ ಅಂದಕ್ಕೆ ಮನಸೋತು ಕೊಂಡದ್ದಲ್ಲವಷ್ಟೆ.

ಮತ್ತೆ ಎಲಿಯೊಗೆ. ವರ್ಷಕ್ಕೆ 12,000 ಮೈಲಿ ಓಡಿಸುವವರು ಗ್ಯಾಲನ್ನಿಗೆ 30 ಮೈಲಿ ಕೊಡುವ ಕಾರಿನಲ್ಲಿ 400 ಗ್ಯಾಲನ್ ಸುಡುತ್ತಾರೆ. ಎಲಿಯೊ 84ನ್ನೇ ಕೊಟ್ಟಿತೆನ್ನಿ, 143 ಗ್ಯಾಲನ್ ಸಾಕು. ಪೆಟ್ರೋಲ್ ಗ್ಯಾಲನ್ನಿಗೆ ಮೂರೂವರೆ ಡಾಲರ್ ಇದ್ದಾಗ ವರ್ಷಕ್ಕೆ 900 ಡಾಲರ್ ಉಳಿತಾಯ. 2016ರ ಆರಂಭದಲ್ಲಿ ಅದು ಎರಡು ಡಾಲರಿಗೆ ಇಳಿದಾಗ ಉಳಿತಾಯ ಐನೂರಕ್ಕೆ ಕುಸಿಯಿತು. ಇದು ಪೂರ್ತಿ ಹೆದ್ದಾರಿಯ ಲೆಕ್ಕ. ಊರೊಳಗೆ ಕಂಪನಿಯೇ ಹೇಳಿದ್ದು 49 ಮೈಲಿ. ಅಂದರೆ 6,800 ಡಾಲರ್ ವಾಪಸು ಬರಲು ಪೆಟ್ರೋಲ್ ತುಟ್ಟಿಯಾಗಿದ್ದರೆ ಏಳೆಂಟು ವರ್ಷ, ಅಗ್ಗವಾಗಿದ್ದರೆ ಹದಿಮೂರು. ಹಳೆಯದನ್ನು ಮಾರದೆ ಇದನ್ನೂ ಇಟ್ಟುಕೊಳ್ಳಿ ಎಂದಿದ್ದರಲ್ಲ? ಹಾಗಾದರೆ ಎರಡನೇ ವಿಮೆ, ಎರಡನೇ ನೋಂದಣಿ, ಎರಡನೇ ಸರ್ವಿಸ್ ಕೂಡ ಅದರ ಜೊತೆಗೇ ಬರುತ್ತವೆ. ಅಷ್ಟೇ ದುಡ್ಡಿಗೆ ಅಲ್ಲಿ ಕೆಲವು ವರ್ಷ ಓಡಿದ ಹೋಂಡಾ ಸಿವಿಕ್ ಸಿಗುತ್ತಿತ್ತು, ನಾಲ್ಕು ಬಾಗಿಲಿನದು. ರೂಪಾಯಿಯಲ್ಲಿ ನೋಡಿದರೆ ಆಗಿನ ವಿನಿಮಯ ದರದಲ್ಲಿ ನಾಲ್ಕು ಲಕ್ಷ. 2012ರಲ್ಲಿ ಆಲ್ಟೊ 800 ಎರಡೂವರೆ ಲಕ್ಷಕ್ಕೂ ಕಡಿಮೆಗೆ ಬಂದು, ಲೀಟರಿಗೆ 22 ಕಿಲೋಮೀಟರ್ ಮೀರಿ ಕೊಡುತ್ತೇನೆಂದಿತ್ತು. ಪರೀಕ್ಷೆಯ ವಿಧಾನಗಳು ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ಅಮೆರಿಕದ ಅಗ್ಗ ನಮಗೆ ಅಗ್ಗವಲ್ಲ ಎಂಬುದಂತೂ ಕಾಣುತ್ತದೆ.

ಆ 6,800 ಎಂಬ ಅಂಕಿಯಾದರೂ ಗಟ್ಟಿಯಾಗಿತ್ತೇ? ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಜನರಲ್ ಮೋಟರ್ಸ್ 2012ರಲ್ಲಿ ಮುಚ್ಚಿದ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಕಾರು ಇಳಿದರೆ ಮಾತ್ರ ಆ ಬೆಲೆ ಸಾಧ್ಯ. ಅಷ್ಟು ಇಳಿಸಲು ಕೋಟಿಗಟ್ಟಲೆ ಡಾಲರ್ ಬೇಕು. 2016ರಲ್ಲಿ ಜನರಿಗೆ ಷೇರು ಮಾರಿ ಎತ್ತಿದ್ದು ಸುಮಾರು 1.7 ಕೋಟಿ. ಕೇಂದ್ರ ಇಂಧನ ಇಲಾಖೆಯಿಂದ ಕೇಳಿದ ದೊಡ್ಡ ಸಾಲ ಕೈಗೆ ಬರಲಿಲ್ಲ. 2014ಕ್ಕೆ ಕಾರು ಎಂದವರು 2015 ಎಂದರು, 2016 ಎಂದರು, ಬೆಲೆಯೂ ಏಳು ಸಾವಿರ ದಾಟಿತು. ಇದನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ. ಓಡುವ ಮಾದರಿಗಳು ಇದ್ದವು, ಎಂಜಿನಿಯರುಗಳು ದುಡಿದಿದ್ದರು. ನನ್ನ ತಕರಾರು ಮುಂಗಡದ ಏರ್ಪಾಡಿನ ಮೇಲೆ. ವಾಪಸು ಕೇಳುವುದಿಲ್ಲವೆಂದು ಒಪ್ಪಿ ಹಣ ಕಟ್ಟಿದವರಿಗೆ ಸರದಿಯಲ್ಲಿ ಮುಂದಿನ ಜಾಗ, ವಾಪಸು ಬೇಕೆನ್ನುವವರಿಗೆ ಹಿಂದಿನ ಜಾಗ. ಹೆಚ್ಚು ನಂಬಿದವರೇ ಹೆಚ್ಚು ಕಳೆದುಕೊಳ್ಳುವಂತೆ ಹೆಣೆದ ಯೋಜನೆ ಇದು. ಪೆಟ್ರೋಲಿನ ಬಿಲ್ಲಿಗೆ ಹೆದರಿ ಅಗ್ಗದ ಕಾರಿಗೆ ಕಾದಿದ್ದವರ ಮೇಲೆ ಅಂಥ ಷರತ್ತು ಹೇರಬಾರದಿತ್ತು.

2021ರಲ್ಲಿ ಎಲಿಯೊ ವಿದ್ಯುತ್ ಮಾದರಿಯ ಮಾತೆತ್ತಿತು. ಅದೇ ಹೊತ್ತಿಗೆ, 2011ರಲ್ಲಿ ಬಾಗಿಲು ಹಾಕಿ ಮತ್ತೆ ತೆರೆದಿದ್ದ ಆಪ್ಟೆರಾ ಕಂಪನಿ ತನ್ನ ಸೌರಫಲಕದ ಕಾರಿಗೆ ಮುಂಗಡ ತೆಗೆದುಕೊಳ್ಳುತ್ತಿತ್ತು. ಮುಂದೆ ಎರಡು ಚಕ್ರ, ಹಿಂದೆ ಒಂದು, ಚೂಪು ಬಾಲ. ಆರಂಭದ ಬೆಲೆ 25,900 ಡಾಲರ್ ಎಂದು ಸಾರಿತು. ಆ ದುಡ್ಡಿಗೆ ಅಮೆರಿಕದಲ್ಲಿ ಆಗ ನಾಲ್ಕು ಚಕ್ರದ ಹೊಚ್ಚಹೊಸ ಸಿವಿಕ್ ಬರುತ್ತಿತ್ತು.