ಕ್ರಿಸ್‌ಮಸ್ ಪ್ರಣಯಚಿತ್ರಗಳಲ್ಲಿ ವಿಘ್ನದ ಸ್ವರೂಪ

೧

ಬಹುಜನರ ಆದರಕ್ಕೆ ಪಾತ್ರವಾದ ಕೃತಿಗಳ ವಿಷಯದಲ್ಲಿ ವಿದ್ವಾಂಸರು ತಳೆಯುವ ಮನೋಭಾವ ಸಾಮಾನ್ಯವಾಗಿ ಎರಡು ಬಗೆಯದು. ಅವು ವಿಮರ್ಶೆಗೆ ಅರ್ಹವಲ್ಲವೆಂದು ಕೈಬಿಡುವುದು ಒಂದು. ಜನರೇ ಮೆಚ್ಚಿದ ಮೇಲೆ ವಿಮರ್ಶೆಯಿಂದ ಆಗಬೇಕಾದುದೇನೆಂದು ಸುಮ್ಮನಾಗುವುದು ಮತ್ತೊಂದು. ಈ ಎರಡರಿಂದಲೂ ಕೃತಿಗೆ ನ್ಯಾಯ ದೊರೆಯುವುದಿಲ್ಲ. ಅಮೆರಿಕದಲ್ಲಿ ಟೆಲಿವಿಷನ್ನಿಗೆಂದೇ ಸಿದ್ಧವಾಗುವ ಕ್ರಿಸ್‌ಮಸ್ ಪ್ರಣಯಚಿತ್ರಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ೨೦೧೯ರ ಒಂದೇ ಋತುವಿನಲ್ಲಿ ಹಾಲ್‌ಮಾರ್ಕ್ ಸಂಸ್ಥೆಯೊಂದೇ ತನ್ನ ಎರಡು ವಾಹಿನಿಗಳ ಮೂಲಕ ಇಂಥ ೪೦ ಹೊಸ ಚಿತ್ರಗಳನ್ನು ಪ್ರಸಾರಮಾಡಿತು. ಇಷ್ಟು ಸಮೃದ್ಧವಾಗಿ ಬೆಳೆದಿರುವ ಕಥಾಪ್ರಕಾರದ ಗುಣದೋಷಗಳನ್ನು ಸಾಹಿತ್ಯದ ಅಳತೆಗೋಲಿನಿಂದ ಪರಿಶೀಲಿಸುವುದು ಅನುಚಿತವಾಗಲಾರದೆಂದು ನಾವು ಭಾವಿಸುತ್ತೇವೆ.

ಈ ಚಿತ್ರಗಳ ಕಥಾಶರೀರ ಬಹುಮಟ್ಟಿಗೆ ಒಂದೇ. ಮಹಾನಗರದಲ್ಲಿ ಉದ್ಯೋಗದಲ್ಲಿ ಮುಳುಗಿದ ತರುಣಿಯೊಬ್ಬಳು ಯಾವುದೋ ಕಾರಣದಿಂದ ಕ್ರಿಸ್‌ಮಸ್ಸಿನ ಹೊತ್ತಿಗೆ ಸಣ್ಣ ಊರೊಂದಕ್ಕೆ ಬರುತ್ತಾಳೆ. ಅಲ್ಲಿ ಬಡಗಿಯೋ, ಬೇಕರಿಯವನೋ, ಕ್ರಿಸ್‌ಮಸ್ ಗಿಡಗಳನ್ನು ಬೆಳೆಯುವವನೋ ಆದ ಸಜ್ಜನನೊಬ್ಬನ ಪರಿಚಯವಾಗುತ್ತದೆ. ಹಲವು ವೇಳೆ ಅವನು ವಿಧುರ, ಅವನಿಗೊಂದು ಪುಟ್ಟ ಮಗು. ಊರಿನ ಉತ್ಸವವೋ ಹಳೆಯ ವಸತಿಗೃಹವೋ ನಿಂತುಹೋಗುವ ಸ್ಥಿತಿಯಲ್ಲಿರುತ್ತದೆ. ಅದನ್ನು ಉಳಿಸುವ ಕಾರ್ಯದಲ್ಲಿ ಇಬ್ಬರೂ ಜೊತೆಗೂಡುತ್ತಾರೆ. ಕಥೆ ಮುಗಿಯಲು ಸ್ವಲ್ಪವೇ ಉಳಿದಿರುವಾಗ ಒಂದು ತಪ್ಪು ತಿಳಿವಳಿಕೆ ಅವರನ್ನು ಅಗಲಿಸುತ್ತದೆ. ಅದು ಬೇಗನೆ ನಿವಾರಣೆಯಾಗಿ, ಹಿಮ ಉದುರುತ್ತಿರುವಾಗ ಚುಂಬನದೊಡನೆ ಚಿತ್ರ ಮುಗಿಯುತ್ತದೆ.

೨

ಈ ಪ್ರಕಾರ ಬೆಳೆದುಬಂದ ಬಗೆಯನ್ನು ತಿಳಿದರೆ ಅದರ ಸ್ವಭಾವವೂ ತಿಳಿದೀತು. ಹಾಲ್‌ಮಾರ್ಕ್ ಮೂಲತಃ ಚಿತ್ರನಿರ್ಮಾಣದ ಸಂಸ್ಥೆಯಲ್ಲ. ಜಾಯ್ಸ್ ಹಾಲ್ ಎಂಬಾತನು ೧೯೧೦ರಲ್ಲಿ ಕ್ಯಾನ್ಸಸ್ ನಗರದಲ್ಲಿ ಆರಂಭಿಸಿದ ಅಂಚೆಕಾರ್ಡಿನ ವ್ಯಾಪಾರವೇ ಮುಂದೆ ಶುಭಾಶಯಪತ್ರಗಳ ದೊಡ್ಡ ಉದ್ಯಮವಾಯಿತು. ೧೯೫೧ರ ಡಿಸೆಂಬರ್ ೨೪ರಂದು ಆ ಸಂಸ್ಥೆಯ ಆಶ್ರಯದಲ್ಲಿ ಮೆನೋಟಿಯ ‘ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್’ ಎಂಬ ಗೀತನಾಟಕ ಅಮೆರಿಕದ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಅಲ್ಲಿನ ಟೆಲಿವಿಷನ್ನಿಗಾಗಿಯೇ ರಚಿತವಾದ ಮೊದಲ ಗೀತನಾಟಕ ಅದು. ಬಡ ವಿಧವೆಯೊಬ್ಬಳು ತನ್ನ ಕುಂಟ ಮಗನಿಗಾಗಿ, ಮನೆಗೆ ಬಂದ ಅತಿಥಿರಾಜರ ಚಿನ್ನವನ್ನು ಕದಿಯಲೆತ್ನಿಸುವುದು ಅದರ ಕಥೆಯ ನಡುಬಿಂದು. ಸಂಸ್ಥೆಯ ಮೊದಲ ಕ್ರಿಸ್‌ಮಸ್ ಕಾಣಿಕೆಯಲ್ಲಿಯೇ ದಾರಿದ್ರ್ಯವೂ ಇತ್ತು, ಪಾಪವೂ ಇತ್ತು ಎಂಬುದನ್ನು ಮರೆಯಬಾರದು.

ಅದೇ ಸಂಸ್ಥೆಯ ಹೆಸರಿನ ವಾಹಿನಿ ೨೦೦೧ರಲ್ಲಿ ಆರಂಭವಾಯಿತು. ವಾರಗಟ್ಟಲೆ ಕ್ರಿಸ್‌ಮಸ್ ಚಿತ್ರಗಳನ್ನೇ ತೋರಿಸುವ ವಾರ್ಷಿಕ ಕಾರ್ಯಕ್ರಮ ೨೦೦೯ರಲ್ಲಿ ಮೊದಲಾಯಿತು. ಲೈಫ್‌ಟೈಮ್ ವಾಹಿನಿಯೂ ಇದೇ ಹಾದಿಯಲ್ಲಿ ನಡೆಯಿತು. ೨೦೧೭ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ‘ಎ ಕ್ರಿಸ್‌ಮಸ್ ಪ್ರಿನ್ಸ್’ ಎಂಬ ಚಿತ್ರವನ್ನು ಹೊರತಂದ ಮೇಲೆ ಈ ಪ್ರಕಾರ ಅಂತರಜಾಲದ ಮೂಲಕ ಇತರ ದೇಶಗಳ ಮನೆಗಳನ್ನೂ ಹೊಕ್ಕಿತು. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ಇದನ್ನು ಬಲ್ಲರು.

ಇವುಗಳ ನಿರ್ಮಾಣ ಕೆಲವು ಕಟ್ಟುಪಾಡುಗಳಿಗೆ ಒಳಪಟ್ಟಿದೆ. ಅನೇಕ ಚಿತ್ರಗಳು ಕೆನಡಾದಲ್ಲಿ, ಬೇಸಗೆಯ ದಿನಗಳಲ್ಲಿ, ಕೃತಕ ಹಿಮವನ್ನು ಹರಡಿ, ಎರಡು ಮೂರು ವಾರಗಳೊಳಗೆ ಸಿದ್ಧವಾಗುತ್ತವೆ. ನಡುನಡುವೆ ಜಾಹೀರಾತು ಬರಬೇಕಾದುದರಿಂದ ಹಾಲ್‌ಮಾರ್ಕ್ ಚಿತ್ರದ ಕಥೆಯನ್ನು ಒಂಬತ್ತು ಅಂಕಗಳಾಗಿ ಒಡೆಯುವುದು ವಾಡಿಕೆ. ಪ್ರತಿಯೊಂದು ಅಂಕವೂ ಪ್ರೇಕ್ಷಕನನ್ನು ಮುಂದಿನ ಅಂಕದವರೆಗೆ ಹಿಡಿದು ನಿಲ್ಲಿಸಬೇಕು. ಆದರೆ ಅವನ ಮನಸ್ಸನ್ನು ಕಲಕಬಾರದು.

೩

ಈ ಚಿತ್ರಗಳನ್ನು ಕುರಿತು ಕೇಳಿಬರುವ ಅಭಿಪ್ರಾಯಗಳನ್ನು ಮೂರಾಗಿ ವಿಂಗಡಿಸಬಹುದು. ಎಲ್ಲ ಚಿತ್ರಗಳೂ ಒಂದೇ, ಅಂತ್ಯ ಮೊದಲೇ ತಿಳಿದಿರುತ್ತದೆ ಎಂಬುದು ಒಂದನೆಯ ಆಕ್ಷೇಪ. ದಣಿದ ಮನಸ್ಸಿಗೆ ಇವು ನಿರಪಾಯವಾದ ಸಮಾಧಾನವನ್ನು ಕೊಡುತ್ತವೆ ಎಂಬುದು ಅಭಿಮಾನಿಗಳ ಸಮರ್ಥನೆ. ಇವು ಚಿತ್ರಿಸುವ ಸಮಾಜ ಬಹುಕಾಲ ಒಂದೇ ವರ್ಣದ, ಒಂದೇ ಬಗೆಯ ಕುಟುಂಬಗಳ ಸಮಾಜವಾಗಿತ್ತು ಎಂಬುದು ಮೂರನೆಯ ಮಾತು.

ಮೊದಲನೆಯ ಆಕ್ಷೇಪ ನಮಗೆ ಸಮ್ಮತವಲ್ಲ. ಅಂತ್ಯ ತಿಳಿದಿರುವುದು ದೋಷವಾಗಿದ್ದರೆ ಯಕ್ಷಗಾನದ ಮುಂದೆ ಬೆಳಗಿನವರೆಗೆ ಯಾರೂ ಕುಳಿತಿರುತ್ತಿರಲಿಲ್ಲ; ಹರಿಕಥೆಗೆ ಶ್ರೋತೃಗಳೇ ದೊರೆಯುತ್ತಿರಲಿಲ್ಲ. ಸೀತೆ ಮರಳಿ ದೊರೆಯುವಳೆಂದು ಬಲ್ಲವನೂ ಅಶೋಕವನದ ಪ್ರಸಂಗದಲ್ಲಿ ಕಣ್ಣೀರು ಸುರಿಸುತ್ತಾನೆ. ಹಬ್ಬವಾದರೋ ಪುನರಾವೃತ್ತಿಯಲ್ಲಿಯೇ ಜೀವಿಸುವಂಥದು. ವರ್ಷವರ್ಷವೂ ಅದೇ ಅಡುಗೆ, ಅದೇ ಹಾಡು, ಅದೇ ದೀಪ ಇರಬೇಕೆಂದು ಬಯಸುವ ಮನಸ್ಸೇ ಅದೇ ಕಥೆಯನ್ನೂ ಬಯಸಿದರೆ ಅದರಲ್ಲಿ ಹೀನತೆಯೇನೂ ಇಲ್ಲ.

‘ಎ ಕ್ರಿಸ್‌ಮಸ್ ಪ್ರಿನ್ಸ್’ ಚಿತ್ರವನ್ನು ೧೮ ದಿನಗಳ ಕಾಲ ಪ್ರತಿದಿನವೂ ನೋಡಿದ ೫೩ ಮಂದಿಯನ್ನು ಉದ್ದೇಶಿಸಿ, ನಿಮ್ಮನ್ನು ನೋಯಿಸಿದವರಾರೆಂದು ನೆಟ್‌ಫ್ಲಿಕ್ಸ್ ಸಂಸ್ಥೆಯೇ ೨೦೧೭ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಪರಿಹಾಸ್ಯಮಾಡಿತು. ತಾನು ಉಣಬಡಿಸಿದುದನ್ನು ಉಂಡವರನ್ನೇ ಹಂಗಿಸಿದ ಈ ವರ್ತನೆಯನ್ನು ಹಲವರು ಖಂಡಿಸಿದುದು ನ್ಯಾಯವೇ. ಆದರೆ ಹಾಸ್ಯಕ್ಕೆಂದು ಕೇಳಿದ ಆ ಪ್ರಶ್ನೆಯನ್ನು ವಿಮರ್ಶಕನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ನೊಂದವರು ಸಮಾಧಾನವನ್ನು ಅರಸಿ ಈ ಚಿತ್ರಗಳ ಬಳಿಗೆ ಬರುವುದಾದರೆ, ಇವುಗಳಿಗೆ ನೋವೆಂಬುದರ ಪರಿಚಯವಾದರೂ ಉಂಟೆ? ನಮ್ಮ ಪರಿಶೀಲನೆಯ ಮುಖ್ಯಪ್ರಶ್ನೆ ಇದು.

೪

ನಾಟ್ಯಶಾಸ್ತ್ರಜ್ಞರು ಕಥಾವಸ್ತುವಿನಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ಹೇಳುತ್ತಾರೆ. ಇವುಗಳಲ್ಲಿ ವಿಮರ್ಶಸಂಧಿ ಫಲಪ್ರಾಪ್ತಿಯ ಹಾದಿಯಲ್ಲಿ ವಿಘ್ನ ತಲೆದೋರುವ ಘಟ್ಟ. ಆ ವಿಘ್ನ ಕ್ರೋಧದಿಂದಲೋ ವ್ಯಸನದಿಂದಲೋ ಪ್ರಲೋಭನದಿಂದಲೋ ಹುಟ್ಟುತ್ತದೆಂದು ದಶರೂಪಕಕಾರನ ಮತ. ಇವು ಮೂರೂ ಮನುಷ್ಯನ ಅಂತರಂಗವನ್ನು ಅಲುಗಿಸುವ ಸಂಗತಿಗಳು ಎಂಬುದು ಗಮನಾರ್ಹ. ಕ್ರಿಸ್‌ಮಸ್ ಪ್ರಣಯಚಿತ್ರದಲ್ಲಿಯೂ ಕಡೆಯ ಅಂಕಗಳಲ್ಲಿ ವಿಮರ್ಶಸಂಧಿಯೊಂದು ತಪ್ಪದೆ ಬರುತ್ತದೆ. ಆದರೆ ಅಲ್ಲಿ ವಿಘ್ನ ಹುಟ್ಟುವುದು ಅರ್ಧ ಕಿವಿಗೆ ಬಿದ್ದ ಮಾತಿನಿಂದ, ಅಥವಾ ಅಪಾರ್ಥಕ್ಕೆ ಎಡೆಗೊಟ್ಟ ಒಂದು ದೂರವಾಣಿಯ ಕರೆಯಿಂದ. ಎರಡು ಮಾತು ಆಡಿದ್ದರೆ ಪರಿಹಾರವಾಗುತ್ತಿದ್ದ ಸಂಶಯಕ್ಕಾಗಿ ನಾಯಿಕೆ ಪೆಟ್ಟಿಗೆ ಕಟ್ಟುತ್ತಾಳೆ. ಆ ಎರಡು ಮಾತುಗಳನ್ನು ಯಾರೋ ಹಿರಿಯರು ಆಡಿದೊಡನೆ ಮರಳುತ್ತಾಳೆ.

ಇಲ್ಲಿ ಒಂದು ಪ್ರತಿವಾದ ಬರಬಹುದು. ಕಾಳಿದಾಸನ ಶಾಕುಂತಲದಲ್ಲಿಯೂ ವಿಘ್ನ ಹೊರಗಿನಿಂದ ಬಂದುದಲ್ಲವೆ? ದುರ್ವಾಸನ ಶಾಪವೂ ನೀರಿನಲ್ಲಿ ಜಾರಿದ ಉಂಗುರವೂ ಆಕಸ್ಮಿಕಗಳಲ್ಲವೆ? ಈ ವಾದ ಯೋಚನಾರ್ಹವಾದುದು. ನಮ್ಮ ಉತ್ತರವಿಷ್ಟು: ವಿಘ್ನ ಎಲ್ಲಿಂದ ಬಂದಿತೆಂಬುದು ಮುಖ್ಯವಲ್ಲ, ಅದು ಪಾತ್ರಗಳನ್ನು ಏನು ಮಾಡಿತೆಂಬುದು ಮುಖ್ಯ. ಶಾಪ ಹೊರಗಿನದಾದರೂ ತುಂಬಿದ ಸಭೆಯಲ್ಲಿ ಶಕುಂತಲೆ ಪಟ್ಟ ಅವಮಾನ ಅವಳದೇ; ಆರನೆಯ ಅಂಕದ ಪಶ್ಚಾತ್ತಾಪ ದುಷ್ಯಂತನದೇ. ಮಗ ಸಿಂಹದ ಮರಿಯೊಡನೆ ಆಡುವಷ್ಟು ಬೆಳೆಯುವವರೆಗಿನ ವರ್ಷಗಳು ಇಬ್ಬರ ಬಾಳಿನಿಂದಲೂ ಕಳೆದುಹೋದುವು. ಮಾರೀಚನ ಆಶ್ರಮದಲ್ಲಿ ಕೂಡಿದವರು ಕಣ್ವಾಶ್ರಮದಲ್ಲಿ ಕೂಡಿದ್ದವರಲ್ಲ. ಕ್ರಿಸ್‌ಮಸ್ ಚಿತ್ರದಲ್ಲಾದರೋ ಅಗಲಿಕೆಗೆ ಮುಂಚೆ ಇದ್ದವರೇ ಅಗಲಿಕೆಯ ಅನಂತರವೂ ಇದ್ದಾರೆ. ವಿಪ್ರಲಂಭವಿಲ್ಲದ ಶೃಂಗಾರಕ್ಕೆ ಪುಷ್ಟಿಯಿಲ್ಲವೆಂದು ಆಲಂಕಾರಿಕರು ಹೇಳಿದುದರ ಅರ್ಥ ಇಲ್ಲಿ ವಿಶದವಾಗುತ್ತದೆ.

೫

ನಿಜವಾದ ವಿಘ್ನಕ್ಕೆ ಅವಕಾಶವಿಲ್ಲದೆ ಈ ಪರಿಸ್ಥಿತಿ ಒದಗಿದುದಲ್ಲ. ಇದ್ದ ಅವಕಾಶವನ್ನು ಬಿಟ್ಟುಕೊಟ್ಟುದರಿಂದ ಒದಗಿದುದು. ನಗರದ ಉದ್ಯೋಗವೋ, ಊರಿನ ಬಾಳೋ ಎಂಬ ಆಯ್ಕೆಯಲ್ಲಿ ಗಂಭೀರವಾದ ನಾಟಕೀಯ ಸಂಘರ್ಷವಿದೆ. ೨೦೧೪ರ ‘ಕ್ರಿಸ್‌ಮಸ್ ಅಂಡರ್ ರ್‍ಯಾಪ್ಸ್’ ಚಿತ್ರವನ್ನು ನೋಡಿ. ಬಯಸಿದ್ದ ಉನ್ನತ ತರಬೇತಿಯ ಸ್ಥಾನ ಕೈತಪ್ಪಿ, ವೈದ್ಯೆಯೊಬ್ಬಳು ಅಲಾಸ್ಕದ ಗಾರ್ಲೆಂಡ್ ಎಂಬ ಕಲ್ಪಿತ ಊರಿಗೆ ಬರುತ್ತಾಳೆ. ಕಲಿತ ವಿದ್ಯೆಯ ಶಿಖರವನ್ನು ಮುಟ್ಟಬೇಕೆಂಬ ಹಂಬಲ ಒಂದು ಕಡೆ, ವೈದ್ಯರಿಲ್ಲದ ದೂರದ ಊರಿನ ಅಗತ್ಯ ಇನ್ನೊಂದು ಕಡೆ. ಎರಡೂ ಧರ್ಮವೇ, ಒಂದನ್ನು ಹಿಡಿದರೆ ಇನ್ನೊಂದಕ್ಕೆ ಲೋಪ. ಇಂಥ ವಸ್ತು ಕೈಯಲ್ಲಿದ್ದೂ ಚಿತ್ರ ಆ ಊರು ಸಾಂತಾಕ್ಲಾಸನ ನೆಲೆಯೇನೋ ಎಂಬ ರಹಸ್ಯದ ಕಡೆಗೆ ತಿರುಗುತ್ತದೆ. ನಾಯಿಕೆ ಊರಿನಲ್ಲಿಯೇ ಉಳಿಯುತ್ತಾಳೆ. ಆದರೆ ಅವಳು ಬಿಟ್ಟುಕೊಟ್ಟುದರ ಬೆಲೆಯನ್ನು ಚಿತ್ರ ಎಣಿಸುವುದಿಲ್ಲ. ಸ್ತ್ರೀಯ ಉದ್ಯೋಗವೆಂದರೆ ಹಬ್ಬದ ಬಿಸಿಗೆ ಕರಗಿಹೋಗುವ ಹಿಮದಂಥದೆಂದು ತೋರುವ ಕಥೆ ಅವಳ ವಿದ್ಯೆಯನ್ನೂ ಹಗುರ ಮಾಡುತ್ತದೆ, ಅವಳ ತ್ಯಾಗವನ್ನೂ ಹಗುರ ಮಾಡುತ್ತದೆ.

ಈ ಪ್ರಕಾರದ ಪೂರ್ವಿಕರು ಹೀಗಿರಲಿಲ್ಲ. ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರಮಂದಿರಕ್ಕಾಗಿ ೧೯೪೬ರಲ್ಲಿ ತಯಾರಾದುದು. ಅದರ ಹಕ್ಕನ್ನು ೧೯೭೪ರಲ್ಲಿ ನವೀಕರಿಸದೆ ಹೋದುದರಿಂದ ಟೆಲಿವಿಷನ್ ನಿಲಯಗಳು ಅದನ್ನು ಮತ್ತೆ ಮತ್ತೆ ತೋರಿಸಿದುವು. ಹೀಗೆ ಅದು ಮನೆಮನೆಯ ಕ್ರಿಸ್‌ಮಸ್ ಚಿತ್ರವಾಯಿತು. ಅದರ ನಾಯಕ ಜಾರ್ಜ್ ಬೈಲಿಯೂ ಸಣ್ಣ ಊರಿನಲ್ಲಿ ಉಳಿಯುವವನೇ. ಆದರೆ ದೇಶಸಂಚಾರದ ಕನಸನ್ನೂ ಕಾಲೇಜು ವಿದ್ಯೆಯನ್ನೂ ಒಂದೊಂದಾಗಿ ತೊರೆದು ಉಳಿದವನು. ಆತ್ಮಹತ್ಯೆಗೆಂದು ಸೇತುವೆಯ ಮೇಲೆ ನಿಂತವನು. ಆ ಕತ್ತಲೆಯನ್ನು ಕಂಡಿರುವುದರಿಂದಲೇ ಕೊನೆಯ ದೃಶ್ಯದ ಬೆಳಕು ನಮಗೆ ಬೆಳಕಾಗಿ ತೋರುತ್ತದೆ. ೧೯೪೫ರ ‘ಕ್ರಿಸ್‌ಮಸ್ ಇನ್ ಕನೆಕ್ಟಿಕಟ್’ ಎಂಬ ಹಾಸ್ಯಚಿತ್ರದಲ್ಲಿ ನಾಯಿಕೆ ಪತ್ರಿಕೆಯೊಂದಕ್ಕೆ ಹಳ್ಳಿಯ ತೋಟದಮನೆಯ ಗೃಹಿಣಿಯಂತೆ ಬರೆಯುವವಳು. ವಾಸ್ತವವಾಗಿ ಅವಳಿರುವುದು ನ್ಯೂಯಾರ್ಕಿನಲ್ಲಿ, ಅವಳಿಗೆ ಅಡುಗೆಯೂ ಬಾರದು. ಹಳ್ಳಿಯ ಸುಖಸಂಸಾರ ನಗರದ ಕೋಣೆಯೊಂದರಲ್ಲಿ ಕುಳಿತು ಬರೆದ ಕಲ್ಪನೆಯೆಂಬುದನ್ನು ಆ ಚಿತ್ರ ಬಲ್ಲುದು. ಅದರ ನಗೆಯೆಲ್ಲ ಆ ಅರಿವಿನಿಂದ ಹುಟ್ಟಿದುದು. ಇಂದಿನ ಚಿತ್ರಗಳು ಆ ಕಲ್ಪನೆಯನ್ನು ಉಳಿಸಿಕೊಂಡು ಅರಿವನ್ನು ಬಿಟ್ಟುಬಿಟ್ಟಿವೆ.

ಹಾಗೆಂದು ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ೨೦೦೬ರ ‘ದಿ ಕ್ರಿಸ್‌ಮಸ್ ಕಾರ್ಡ್’ ಚಿತ್ರದಲ್ಲಿ ಅಫ್ಘಾನಿಸ್ತಾನದ ಯುದ್ಧಭೂಮಿಯಲ್ಲಿರುವ ಯೋಧನೊಬ್ಬನಿಗೆ ಅಪರಿಚಿತಳಾದ ತರುಣಿ ಬರೆದ ಶುಭಾಶಯಪತ್ರ ದೊರೆಯುತ್ತದೆ. ಜೊತೆಯ ಯೋಧನ ಮರಣವನ್ನು ಕಂಡು ಬಂದ ಅವನು ಕ್ಯಾಲಿಫೋರ್ನಿಯದಲ್ಲಿರುವ ಅವಳ ಊರನ್ನು ಮುಟ್ಟುತ್ತಾನೆ. ಅಲ್ಲಿ ಅವಳಿಗಾಗಲೇ ಮತ್ತೊಬ್ಬ ಪ್ರಿಯನಿದ್ದಾನೆ. ಪತ್ರದ ಸಂಗತಿಯನ್ನು ಯೋಧ ಹೇಳದೆ ಉಳಿಯುತ್ತಾನೆ. ಇಲ್ಲಿ ವಿಘ್ನ ಹುಟ್ಟಿರುವುದು ನಾಯಕನ ಶೀಲದಿಂದ, ಅವನ ಸಂಕೋಚದಿಂದ. ಅವನ ಮೌನದ ಹಿಂದೆ ಒಂದು ಸಾವಿದೆ. ನಾಯಿಕೆಯ ತಂದೆಯ ಪಾತ್ರವಹಿಸಿದ ಎಡ್ವರ್ಡ್ ಆಸ್ನರ್ ಎಮಿ ಪ್ರಶಸ್ತಿಗೆ ನಾಮನಿರ್ದೇಶಿತರಾದುದು ಆಶ್ಚರ್ಯವಲ್ಲ. ಅದೇ ಅಚ್ಚು, ಅದೇ ಊರು, ಅದೇ ಹಿಮ. ಆದರೂ ಚಿತ್ರ ಹೃದಯವನ್ನು ಮುಟ್ಟುತ್ತದೆ. ದೋಷ ಅಚ್ಚಿನದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೬

ಮೂರನೆಯ ಅಭಿಪ್ರಾಯವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಇಬ್ಬರು ವಧುಗಳ ವಿವಾಹವನ್ನು ತೋರಿಸಿದ ಜಾಹೀರಾತುಗಳನ್ನು ೨೦೧೯ರ ಡಿಸೆಂಬರಿನಲ್ಲಿ ಹಾಲ್‌ಮಾರ್ಕ್ ವಾಹಿನಿ ಹಿಂತೆಗೆದುಕೊಂಡು, ಪ್ರತಿಭಟನೆ ಎದ್ದೊಡನೆ ಆ ತೀರ್ಮಾನವನ್ನು ಬದಲಿಸಿತು. ೨೦೨೦ರ ‘ದಿ ಕ್ರಿಸ್‌ಮಸ್ ಹೌಸ್’ ಚಿತ್ರದ ಪ್ರಧಾನಪಾತ್ರಗಳಲ್ಲಿ ಪುರುಷದಂಪತಿಗಳೂ ಇದ್ದರು. ೨೦೨೨ರ ‘ದಿ ಹಾಲಿಡೇ ಸಿಟರ್’ ಚಿತ್ರದಲ್ಲಿ ಅಂಥ ಇಬ್ಬರ ಪ್ರಣಯವೇ ಮುಖ್ಯಕಥೆಯಾಯಿತು. ಹಬ್ಬದ ಮನೆಯ ಬಾಗಿಲು ಎಲ್ಲರಿಗೂ ತೆರೆಯಬೇಕೆಂಬುದು ನ್ಯಾಯವಾದ ಬೇಡಿಕೆ. ಅದು ಈಡೇರಿದಷ್ಟೂ ಒಳ್ಳೆಯದು. ಆದರೆ ಒಳಗೆ ಬಂದವರಿಗೂ ಅದೇ ಅರ್ಧ ಕೇಳಿದ ಮಾತಿನ ವಿಘ್ನವನ್ನೇ ಬಡಿಸಿದರೆ, ಅವರು ಪಟ್ಟ ನೋವಿಗೂ ಕಥೆಯಲ್ಲಿ ಸ್ಥಾನ ದೊರೆತಂತಾಗುವುದಿಲ್ಲ. ಪಾತ್ರವರ್ಗದ ವಿಸ್ತಾರದೊಡನೆ ಅನುಭವದ ವಿಸ್ತಾರವೂ ಆಗಬೇಕು.

ಈ ಪ್ರಕಾರದ ಪ್ರಮುಖ ವಾಹಿನಿ ಶುಭಾಶಯಪತ್ರಗಳ ಉದ್ಯಮದಿಂದ ಹುಟ್ಟಿದುದೆಂಬ ಸಂಗತಿಯನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಅಚ್ಚಾದ ಶುಭಾಶಯಪತ್ರದ ಧರ್ಮವೇ ಬೇರೆ. ಅದು ಯಾರ ಕೈಗೆ ಸೇರಿದರೂ ಸಲ್ಲಬೇಕು. ಆದಕಾರಣ ಯಾರಿಗೂ ನೋವಾಗುವ ಮಾತು ಅದರಲ್ಲಿರಕೂಡದು. ಪತ್ರಕ್ಕೆ ಅದು ಗುಣ. ಕಥೆ ಅದೇ ಧರ್ಮವನ್ನು ಅನುಸರಿಸಿದರೆ ಅದು ಎಲ್ಲರಿಗೂ ಸಲ್ಲುತ್ತದೆ, ಯಾರೊಬ್ಬರದೂ ಆಗುವುದಿಲ್ಲ. ಒಂಟಿಯಾಗಿ ಹಬ್ಬ ಕಳೆಯುವವರು, ಆ ವರ್ಷ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡವರು, ಕೆಲಸ ಹೋದವರು ಈ ಚಿತ್ರಗಳ ಮುಂದೆ ಕುಳಿತಿರುತ್ತಾರೆ. ನೋವೇ ಇಲ್ಲದ ಊರೊಂದನ್ನು ತೋರಿಸಿದರೆ ಅವರಿಗೆ ಎರಡು ಗಂಟೆಗಳ ವಿಸ್ಮರಣೆ ದೊರೆಯುತ್ತದೆ; ಅದು ಅಲ್ಪವಲ್ಲ, ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ವಿಸ್ಮರಣೆಯೇ ಸಮಾಧಾನವಲ್ಲ. ನಮ್ಮ ದುಃಖವನ್ನು ಬಲ್ಲವನು ಹೇಳಿದ ಸಾಂತ್ವನವಷ್ಟೇ ನಮಗೆ ಸಾಂತ್ವನವಾಗುತ್ತದೆ. ಚಿನ್ನಕ್ಕೆ ಕೈನೀಡಿದ ಬಡ ತಾಯಿಯನ್ನು ೧೯೫೧ರ ಆ ಗೀತನಾಟಕ ಹಬ್ಬದ ಮನೆಯಿಂದ ಹೊರಗಿಡಲಿಲ್ಲ. ಹೊಸದಾಗಿ ಬರುವ ಚಿತ್ರಗಳೂ ಆ ತಾಯಿಗೆ ಎಡೆಗೊಡುವುದಾದರೆ, ಅಂತ್ಯ ಮೊದಲೇ ತಿಳಿದಿದ್ದರೂ ಅವುಗಳನ್ನು ಕುರಿತ ಮೊದಲನೆಯ ಆಕ್ಷೇಪ ತಾನಾಗಿಯೇ ಬಿದ್ದುಹೋಗುವುದೆಂದು ನಮ್ಮ ನಂಬಿಕೆ.