ತೊಳೆದು ಓದುವುದೋ, ಓದಿ ತೊಳೆಯುವುದೋ?

ಶಾಸನಾಸಕ್ತರ ನಡುವೆ ಈಚೆಗೆ ಒಂದು ಬಗೆಯ ಜೋಡಿ ಚಿತ್ರ ಬಹಳ ಓಡಾಡುತ್ತಿದೆ. ಎಡಗಡೆ ಪಾಚಿ, ಎಣ್ಣೆ, ಸುಣ್ಣ ಮೆತ್ತಿಕೊಂಡ ಕಪ್ಪು ವೀರಗಲ್ಲು. ಬಲಗಡೆ ಅದೇ ಕಲ್ಲು, ನಿನ್ನೆ ಕಡೆದಂತೆ ಬೆಳ್ಳಗೆ. ಅಕ್ಷರಗಳಿಗೆ ಬಿಳಿ ಬಣ್ಣ, ಬುಡಕ್ಕೆ ಸಿಮೆಂಟ್ ಕಟ್ಟೆ, ಪಕ್ಕದಲ್ಲಿ ನಗುತ್ತ ನಿಂತ ಸ್ವಯಂಸೇವಕರು. ಕೆಳಗೆ ಮೆಚ್ಚುಗೆಯ ಸುರಿಮಳೆ. ನನಗೆ ಬೇಕಾದ ಚಿತ್ರ ಇವೆರಡರ ನಡುವಿನದು. ಏನು ಬಳಸಿ ಉಜ್ಜಿದರು, ಎಷ್ಟು ಹೊತ್ತು ಉಜ್ಜಿದರು, ನೆಲಕ್ಕೆ ಹರಿದ ನೀರಿನಲ್ಲಿ ಏನೇನು ಹೋಯಿತು? ಆ ಚಿತ್ರವನ್ನು ಯಾರೂ ಹಾಕುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ಶಾಸನ ಇವತ್ತು ಉಳಿದಿದೆ ಎಂದರೆ ಅದಕ್ಕೆ ಊರಿನವರ, ಆಸಕ್ತರ ಓಡಾಟವೇ ಕಾರಣ. ಚರಂಡಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಹೋದ ಶಾಸನಗಳ ಲೆಕ್ಕ ಇಟ್ಟವರಿಲ್ಲ. ಕಲ್ಲನ್ನು ಉಳಿಸುವವರು ಬೇಕೇ ಬೇಕು. ಆದರೆ ಉಳಿಸಿದ ಮರುದಿನವೇ ಅದರ ಮೇಲೆ ತಂತಿ ಬ್ರಷ್ಷು ಓಡಿಸಿದರೆ ಉಳಿಸಿದ್ದು ಕಲ್ಲನ್ನೋ ಶಾಸನವನ್ನೋ ಎಂದು ಕೇಳಬೇಕಾಗುತ್ತದೆ.

ಶಾಸನ ಎಂದರೆ ಕಲ್ಲಿನ ಮೇಲ್ಮೈಯ ಒಂದೆರಡು ಮಿಲಿಮೀಟರು, ಅಷ್ಟೇ. ಸವೆದ ಕಲ್ಲಿನಲ್ಲಿ ಅದೂ ಇಲ್ಲ. ಒಂದು ಸಣ್ಣ ಉದಾಹರಣೆ ನೋಡಿ. ಹಳಗನ್ನಡದಲ್ಲಿ ‘ಮಾಡಿಸಿದಂ’ ಎಂದರೆ ಮಾಡಿಸಿದನು ಎಂದು ವಾಕ್ಯ ಮುಗಿಯುತ್ತದೆ. ‘ಮಾಡಿಸಿದ’ ಎಂದರೆ ಮುಗಿಯುವುದಿಲ್ಲ. ಮುಂದೆ ಬರುವ ಹೆಸರಿಗೆ ಅದು ವಿಶೇಷಣವಾಗುತ್ತದೆ. ಎರಡರ ನಡುವೆ ಇರುವುದು ಒಂದು ಸೊನ್ನೆ. ಕಣಶಿಲೆಯ ಮೇಲೆ ಒಂದು ಹರಳು ಉದುರಿದರೆ ಆಗುವ ಗುಳಿಗೂ ಶಿಲ್ಪಿ ಉಳಿಯಿಂದ ಕುಟ್ಟಿದ ಸೊನ್ನೆಗೂ ಬರಿಗಣ್ಣಿಗೆ ಅಂಥ ವ್ಯತ್ಯಾಸವೇನೂ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಗುಳಿಯ ಅಂಚಿನಿಂದ, ಒಳಗೆ ಕೂತ ಕಪ್ಪಿನಿಂದ, ಸುತ್ತಲಿನ ಮಾಸಲಿನಿಂದ. ಹಳೆಯ ಗುಳಿಯಲ್ಲಿ ಹಳೆಯ ಕೊಳೆ ಇರುತ್ತದೆ, ನಿನ್ನೆ ಮೊನ್ನೆ ಉದುರಿದ್ದು ತಿಳಿಬಣ್ಣಕ್ಕಿರುತ್ತದೆ. ಎಲ್ಲವನ್ನೂ ಒಂದೇ ಸಮ ಉಜ್ಜಿ ಬೆಳ್ಳಗೆ ಮಾಡಿದಿರಿ ಎನ್ನಿ, ಈ ಸಾಕ್ಷಿ ಅಲ್ಲಿಗೆ ಮುಗಿಯಿತು. ಆಮೇಲೆ ಅದು ಸೊನ್ನೆಯೋ ಗುಳಿಯೋ ಎಂದು ಎಷ್ಟು ಪುಟ ಚರ್ಚೆ ಮಾಡಿದರೂ ಉತ್ತರ ಸಿಗುವುದಿಲ್ಲ. ನಾವು ‘ಕೊಳೆ’ ಎಂದು ಕರೆಯುವುದರಲ್ಲಿ ಅರ್ಧಪಾಲು ದಾಖಲೆಯೇ.

ಕಲ್ಲು ಯಾವುದು ಎಂದು ಕೇಳದೆ ತೊಳೆಯಲು ಕೂರುವುದು ಇನ್ನೊಂದು ಅಭ್ಯಾಸ. ಬೆಂಗಳೂರು, ಕೋಲಾರದ ಕಡೆಯ ಶಾಸನಗಳು ಹೆಚ್ಚಿನವು ಕಣಶಿಲೆಯವು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು. ಬೇಲೂರು, ಹಳೇಬೀಡು, ಸೋಮನಾಥಪುರದಲ್ಲಿ ಬಳಪದ ಕಲ್ಲಿನ ಜಾತಿ. ಮೂರಕ್ಕೂ ಒಂದೇ ಬಕೆಟ್ಟು, ಒಂದೇ ಬ್ರಷ್ಷು!

ಬಳಪದ ಕಲ್ಲನ್ನೇ ತೆಗೆದುಕೊಳ್ಳಿ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಸ್ಲೇಟಿನ ಮೇಲೆ ಬರೆದರೆ ತಾನೇ ಸವೆಯುವಂಥದ್ದು ಬಳಪ. ಆ ಮೆತುತನ ಇದ್ದದ್ದರಿಂದಲೇ ಹೊಯ್ಸಳ ಶಿಲ್ಪಿಗಳು ಬೆರಳುಗುರಿನ, ಮಣಿಸರದ ಕೆತ್ತನೆ ಮಾಡಿದರು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಶಿಲ್ಪಿಗಳು ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರು ಬರೆದಿದ್ದಾರೆ. ಮಲ್ಲಿತಮ್ಮನ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವೆಡೆ ಪೂರ್ತಿ, ಕೆಲವೆಡೆ ಮೊಟಕಾಗಿ. ಇವು ರಾಜನ ದಾನಶಾಸನದಂತೆ ಆಳವಾಗಿ, ಸಾಲು ಹಿಡಿದು ಕೊರೆದವಲ್ಲ. ಕೆಲಸ ಮುಗಿಸಿದವನು ಹಾಕಿದ ರುಜು. ನಾಡಿನ ಚರಿತ್ರೆಯಲ್ಲಿ ಕುಶಲಕರ್ಮಿಯೊಬ್ಬ ತಾನೇ ತನ್ನ ಹೆಸರು ಹೇಳಿಕೊಳ್ಳುವ ಜಾಗಗಳು ಎಷ್ಟಿವೆ, ಹೇಳಿ? ಮಳೆ ನೀರು ಎರಚುವುದು, ಕೈ ತಾಗುವುದು, ಪಾಚಿ ಕಟ್ಟುವುದು ಎಲ್ಲ ಪೀಠದ ಹತ್ತಿರವೇ. ಹಾಗಾಗಿ ಇಂಥ ಗುಡಿಯನ್ನು ತೊಳೆಯಲು ಬಂದವರ ಬ್ರಷ್ಷು ಮೊದಲು ಬೀಳುವುದೂ ಅಲ್ಲಿಗೇ. ದೇವಾಲಯ ಹೊಳೆಯುತ್ತದೆ, ಕಟ್ಟಿದವನ ಹೆಸರು ಹೋಗುತ್ತದೆ. 2023ರಲ್ಲಿ ಈ ಮೂರೂ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಎಲ್ಲರೂ ಸಂಭ್ರಮಪಟ್ಟೆವು. ಪಟ್ಟಿಗೆ ಸೇರದ, ಊರೂರಲ್ಲಿ ಇರುವ ಅದೇ ಕಾಲದ, ಅದೇ ಕಲ್ಲಿನ ಗುಡಿಗಳ ಗತಿ ಹಾಗಿಲ್ಲ. ಅಲ್ಲಿ ಜೀರ್ಣೋದ್ಧಾರ ಎಂದರೆ ಒತ್ತಡದ ನೀರಿನ ಯಂತ್ರ ತರಿಸುವುದು ಎಂದೇ ಅರ್ಥವಾಗಿದೆ.

ಇನ್ನು ಆಸಿಡ್ಡು. ಸುಣ್ಣ ತೆಗೆಯಬೇಕು, ಸಿಮೆಂಟಿನ ಕಲೆ ಹೋಗಬೇಕು ಎಂದು ಬಚ್ಚಲು ತೊಳೆಯುವ ಆಸಿಡ್ಡನ್ನು ಕಲ್ಲಿಗೆ ಸುರಿಯುವವರನ್ನು ಕಂಡಿದ್ದೇನೆ. ಹಿರಿಯರೊಬ್ಬರು “ಕಣಶಿಲೆಗೆ ಏನೂ ಆಗಲ್ಲ ಬಿಡ್ರಿ, ಗಟ್ಟಿ ಕಲ್ಲು” ಅಂದಿದ್ದೂ ನೆನಪಿದೆ. ಕಣಶಿಲೆಯೊಳಗಿನ ಬೆಣಚು ತಡೆದೀತು, ನಿಜ. ಆದರೆ ಅದರಲ್ಲಿ ಕಪ್ಪು ಅಭ್ರಕವೂ ಇದೆ, ಅದರಲ್ಲಿ ಕಬ್ಬಿಣವಿದೆ. ಆಸಿಡ್ಡು ಆ ಕಬ್ಬಿಣವನ್ನು ಎಬ್ಬಿಸಿ ಕಲ್ಲಿನ ಮೇಲೆ ಹಳದಿ ಕಂದು ತುಕ್ಕಿನ ಕಲೆ ಮಾಡುತ್ತದೆ. ಬಾದಾಮಿಯ ಮರಳುಗಲ್ಲಿನ ಕೆಂಪು ಇರುವುದೇ ಕಬ್ಬಿಣದ ಆಕ್ಸೈಡಿನಿಂದ. ಆಸಿಡ್ಡು ಬಿದ್ದರೆ ಅದಕ್ಕೇ ಕುತ್ತು. ಬಳಪದ ಕಲ್ಲಿನಲ್ಲಿ ಕಾರ್ಬೊನೇಟ್ ಇದ್ದರೆ ಕಣ್ಣೆದುರೇ ನೊರೆ ಏಳುತ್ತದೆ, ಆ ನೊರೆ ಕಲ್ಲಿನದ್ದೇ. ಇಷ್ಟೂ ತಕ್ಷಣ ಕಾಣುವ ಹಾನಿ. ಕಾಣದ್ದು ಉಪ್ಪು. ಆಸಿಡ್ಡು ಸುಣ್ಣದ ಜೊತೆ ಸೇರಿ ಆದ ಉಪ್ಪು ನೀರಿನೊಡನೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲ್ಮೈಯ ಹಿಂದೆಯೇ ಹರಳುಗಟ್ಟುತ್ತದೆ, ಹರಳು ಬೆಳೆದು ಮುಂದಿನ ಪದರವನ್ನು ನೂಕುತ್ತದೆ. ಮುಂದಿನ ಮಳೆಗೆ ಮತ್ತೆ ಕರಗು, ಮತ್ತೆ ಹರಳು. ಕೆಲವು ವರ್ಷಗಳಲ್ಲಿ ಕಲ್ಲು ಹಕ್ಕಳೆ ಏಳುತ್ತದೆ. ಅಷ್ಟರಲ್ಲಿ ತೊಳೆದವರು ಇನ್ನೊಂದು ಊರಿನಲ್ಲಿರುತ್ತಾರೆ.

ಸಿಮೆಂಟ್ ಕಟ್ಟೆಯೂ ಇದೇ ಉಪ್ಪನ್ನು ಬುಡದಿಂದ ಕುಡಿಸುತ್ತದೆ. ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ: ಕೊನೆಯ ಎರಡು ಮೂರು ಸಾಲು ನುಂಗುತ್ತದೆ. ಶಾಪಾಶಯ ಇರುವುದು ಅಲ್ಲಿ, ಬರೆದವನ, ಕಂಡರಿಸಿದವನ ಹೆಸರು ಇರುವುದೂ ಸಾಮಾನ್ಯವಾಗಿ ಅಲ್ಲೇ. ‘ಈ ಧರ್ಮವನ್ನು ಅಳಿದವನು’ ಎಂದು ಶಾಪ ಹಾಕುವ ಸಾಲನ್ನೇ ಸಿಮೆಂಟಿನಲ್ಲಿ ಹೂಳುವುದರಲ್ಲಿ ಒಂದು ತಮಾಷೆ ಇದೆ, ಆದರೆ ನಗು ಬರುವುದಿಲ್ಲ.

ಅಕ್ಷರಗಳಿಗೆ ಬಣ್ಣ ತುಂಬುವ ಪದ್ಧತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯ. ಅದು ಶುಚಿ ಮಾಡುವ ಕೆಲಸವೇ ಅಲ್ಲ, ಪಾಠ ನಿರ್ಣಯ. ಬ್ರಷ್ಷು ಹಿಡಿದವನು ಎಲ್ಲಿ ಗೆರೆ ಎಳೆದನೋ ಅದೇ ಅಕ್ಷರವಾಗುತ್ತದೆ, ಎಲ್ಲಿ ಎಳೆಯಲಿಲ್ಲವೋ ಅದು ಇಲ್ಲವಾಗುತ್ತದೆ. ಪುಸ್ತಕದಲ್ಲಿ ಸಂದೇಹದ ಅಕ್ಷರವನ್ನು ಆವರಣದೊಳಗೆ ಹಾಕುತ್ತೇವೆ, ಕಾಣದ್ದಕ್ಕೆ ಚುಕ್ಕಿ ಇಡುತ್ತೇವೆ. ಬಣ್ಣದ ಡಬ್ಬಿಯಲ್ಲಿ ಆವರಣವೂ ಇಲ್ಲ, ಚುಕ್ಕಿಯೂ ಇಲ್ಲ. ಮುಂದೆ ಬರುವ ಓದುಗ ಕಲ್ಲನ್ನಲ್ಲ, ಬಣ್ಣ ಬಳಿದವನ ಊಹೆಯನ್ನು ಓದುತ್ತಾನೆ. ಸೀಮೆಸುಣ್ಣ ಎಳೆಯುವುದರಲ್ಲೂ ಇದೇ ದೋಷ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಮೈದಾ ಹಿಟ್ಟು ಸವರುವುದು ನಿರುಪದ್ರವಿ ಎಂಬ ನಂಬಿಕೆ ಇದೆ. ಗುಳಿಯಲ್ಲಿ ಉಳಿದ ಹಿಟ್ಟು ಬೂಷ್ಟಿಗೆ, ಇರುವೆಗೆ ಊಟ. ರಂಗೋಲಿ ಪುಡಿ ಕಲ್ಲಿನ ಪುಡಿಯೇ, ಮೆದು ಕಲ್ಲಿಗೆ ಉಪ್ಪುಕಾಗದ ಇದ್ದಂತೆ.

ಹಾಗಾದರೆ ಓದುವುದು ಹೇಗೆ? ಬಹುಪಾಲು ಶಾಸನಗಳಿಗೆ ಬೇಕಾದದ್ದು ನೀರಲ್ಲ, ಬೆಳಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ಹೆಚ್ಚುಕಡಿಮೆ ತಾಗುವಂತೆ ಹಿಡಿದು ನೋಡಿ. ಹಗಲು ಏನೂ ಕಾಣದ ಜಾಗದಲ್ಲಿ ಸಾಲುಗಳು ಎದ್ದು ಬರುತ್ತವೆ. ಎಡದಿಂದ, ಮೇಲಿನಿಂದ, ಬಲದಿಂದ, ಹೀಗೆ ಬೆಳಕು ಬದಲಿಸಿ ಚಿತ್ರ ತೆಗೆಯಿರಿ. ಒಂದು ಕಡೆಯ ಬೆಳಕಿನಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಇದನ್ನೇ ಗಣಕದಲ್ಲಿ ಜೋಡಿಸಿ, ಬೆಳಕಿನ ದಿಕ್ಕನ್ನು ಬೇಕಾದಂತೆ ತಿರುಗಿಸಿ ನೋಡುವ ವಿಧಾನ 2001ರಿಂದ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಅದರ ದೊಡ್ಡ ಲಾಭ ನನಗೆ ಕಾಣುವುದು ಇಲ್ಲೇ: ಕಲ್ಲನ್ನು ಉಜ್ಜದೆ ಸವೆದ ಅಕ್ಷರ ಓದಬಹುದು, ಮತ್ತು ಈ ದಿನ ಕಲ್ಲು ಹೇಗಿತ್ತು ಎಂಬುದು ದಾಖಲಾಗುತ್ತದೆ.

ಇಷ್ಟಾದ ಮೇಲೂ ತೊಳೆಯಬೇಕು ಎನಿಸಿದರೆ ಮೊದಲು ಕಲ್ಲಿನ ನಾಡಿ ನೋಡಬೇಕು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಡೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ ಎಂದರ್ಥ, ಅಲ್ಲಿ ಏನೂ ಮಾಡಬೇಡಿ. ಬರಹವಿಲ್ಲದ ಬದಿಯಲ್ಲಿ ಅಂಟುಪಟ್ಟಿಯ ತುಂಡೊಂದನ್ನು ಒತ್ತಿ ತೆಗೆಯಿರಿ. ಮರಳು ಅಂಟಿಕೊಂಡು ಬಂದರೆ ಮೃದುವಾದ ಬ್ರಷ್ಷೂ ಬೇಡ. ಒಂದು ಹನಿ ನೀರು ಬಿಟ್ಟು ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ. ತಕ್ಷಣ ಇಂಗುವ ಕಲ್ಲಿಗೆ ಕೊಡಗಟ್ಟಲೆ ಸುರಿಯುವಂತಿಲ್ಲ. ಬುಡದಲ್ಲಿ ಬಿಳಿ ಪುಡಿ ಇದ್ದರೆ ಅದು ಉಪ್ಪು. ಅದಕ್ಕೆ ಒಣ ಬ್ರಷ್ಷು, ಆಮೇಲೆ ಶುದ್ಧೀಕರಿಸಿದ ನೀರಿನಲ್ಲಿ ನೆನೆಸಿದ ಕಾಗದದ ಮುದ್ದೆಯ ಪಟ್ಟು. ಅದು ಆರುತ್ತ ಆರುತ್ತ ಉಪ್ಪನ್ನು ಹೊರಕ್ಕೆ ಎಳೆದುಕೊಳ್ಳುತ್ತದೆ. ಈ ಕೊನೆಯದನ್ನು ತಿಳಿದವರೇ ಮಾಡಬೇಕು.

ಕಲ್ಲುಹೂವಿನ ವಿಷಯ ಬೇರೆ. ಮಸಾಲೆ ಡಬ್ಬಿಯಲ್ಲಿ ಇರುತ್ತದಲ್ಲ, ಅದರ ನಂಟರೇ ಇವು. ಕಲ್ಲಿಗೆ ಬಿಗಿಯಾಗಿ ಕಚ್ಚಿಕೊಂಡ ಜಾತಿಯದು ಬರೀ ಮೇಲೆ ಕೂತಿರುವುದಿಲ್ಲ, ಎಳೆಗಳನ್ನು ಹರಳುಗಳ ನಡುವೆ ಇಳಿಸಿರುತ್ತದೆ. ಒಣಗಿದ್ದಾಗ ಕೆರೆದರೆ ಕಲ್ಲಿನ ಕಣವನ್ನೂ ಕಿತ್ತುಕೊಂಡು ಬರುತ್ತದೆ. ಚೆನ್ನಾಗಿ ನೆನೆಸಿ, ಉಬ್ಬಿ ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎಷ್ಟು ಬಂತೋ ಅಷ್ಟು ತೆಗೆದು ಉಳಿದದ್ದನ್ನು ಬಿಟ್ಟುಬಿಡುವುದು ಸರಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ವಿಜ್ಞಾನ ಶಾಖೆ 1917ರಷ್ಟು ಹಳೆಯದು. ಅಲ್ಲಿಯವರು ಅಮೋನಿಯಾವನ್ನು ನೀರಾಗಿಸಿ, ಸೌಮ್ಯ ಮಾರ್ಜಕ ಸೇರಿಸಿ ಬಳಸುತ್ತಾರೆ. ಆದರೆ ಅದು ಅವರ ಕೈಯಲ್ಲಿ ಇರಲಿ. ರಕ್ಷಿತ ಸ್ಮಾರಕವಾಗಿದ್ದರೆ 1958ರ ಕೇಂದ್ರ ಕಾಯಿದೆ, 1961ರ ರಾಜ್ಯ ಕಾಯಿದೆ ಇವೆ. ಅನುಮತಿಯಿಲ್ಲದೆ ಮುಟ್ಟುವಂತೆಯೇ ಇಲ್ಲ.

ಇಲಾಖೆಗಳ ಕೆಲಸಕ್ಕೂ ನನ್ನದೊಂದು ಆಕ್ಷೇಪವಿದೆ. ‘ರಾಸಾಯನಿಕ ಸಂರಕ್ಷಣೆ ಮಾಡಲಾಯಿತು’ ಎಂಬ ಒಂದು ವಾಕ್ಯ ಓದಿದರೆ ಶಾಸನ ಓದುವವನಿಗೆ ಏನೂ ತಿಳಿಯುವುದಿಲ್ಲ. ಯಾವ ಗೋಡೆ, ಯಾವ ಸಾಲು, ಯಾವ ದ್ರಾವಣ, ಮೇಲೆ ಲೇಪ ಹಾಕಿದರೇ? ಉಸಿರಾಡದ ಲೇಪ ಹಾಕಿದರೆ ಒಳಗಿನ ತೇವ ಅಲ್ಲೇ ಸಿಕ್ಕಿಕೊಂಡು ಲೇಪದ ಜೊತೆ ಕಲ್ಲಿನ ಚರ್ಮವನ್ನೂ ಎಬ್ಬಿಸಬಲ್ಲದು. ಲಿಪಿತಜ್ಞರೂ ಸಾಚಾ ಅಲ್ಲ ಬಿಡಿ. ಪಡಿಯಚ್ಚು ತೆಗೆಯುವ ಮುನ್ನ ಕಲ್ಲನ್ನು ಉಜ್ಜಿ ತೊಳೆಯುವುದು ನಮ್ಮ ಪರಂಪರೆಯೇ. ಗಟ್ಟಿ ಕಣಶಿಲೆಯ ಮೇಲೆ ಒದ್ದೆ ಕಾಗದ ಹಾಕಿ ಬ್ರಷ್ಷಿನಿಂದ ಬಡಿದರೆ ತೊಂದರೆಯಿಲ್ಲ. ಹಕ್ಕಳೆ ಎದ್ದ ಮರಳುಗಲ್ಲಿನ ಮೇಲೆ ಅದೇ ಬಡಿತ ಕೊನೆಯ ಬಡಿತವಾಗಬಹುದು.

ಆದರೆ ಅದೇ ಪಡಿಯಚ್ಚುಗಳು ಇವತ್ತು ನಮ್ಮ ಕೈಲಿರುವ ಅತ್ಯುತ್ತಮ ತಪಾಸಣೆ ವರದಿ. ಮೈಸೂರಿನ ಶಾಸನ ಶಾಖೆಯಲ್ಲಿ ದಶಕಗಳ ಹಿಂದಿನ ಪಡಿಯಚ್ಚುಗಳಿವೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಬೆಂಗಳೂರು ಸಂಪುಟ 1905ರದ್ದು. ನಿಮ್ಮೂರಿನ ಕಲ್ಲಿನ ಪಾಠ ಅದರಲ್ಲಿದ್ದರೆ ಪ್ರತಿ ಮಾಡಿಕೊಂಡು ಹೋಗಿ, ಓರೆಬೆಳಕಿನಲ್ಲಿ ಸಾಲು ಸಾಲಾಗಿ ಹೋಲಿಸಿ. ರೈಸ್ ಓದಿದ ಯಾವ ಅಕ್ಷರ ಈಗ ಕಾಣುವುದಿಲ್ಲ, ಅಲ್ಲಿ ಕಲ್ಲು ಉದುರಿದೆಯೋ, ಉಜ್ಜಿದ ಗೀರುಗಳಿವೆಯೋ, ಸುಣ್ಣ ಮುಚ್ಚಿದೆಯೋ ಎಂದು ಅಂಚಿನಲ್ಲಿ ಗುರುತು ಹಾಕಿ. ನೆರಳಿನಲ್ಲಿರುವ ಗೋಡೆಯಾಗಿದ್ದು ಸುಣ್ಣ ಮುಚ್ಚಿದ್ದರೆ ಬೇಸರ ಬೇಡ. ಅದರಡಿ ಅಕ್ಷರ ನಮಗಿಂತ ಸುರಕ್ಷಿತವಾಗಿದ್ದೀತು, ಅವಸರವಿಲ್ಲ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಎಣ್ಣೆ ಕುಂಕುಮ ತೆಗೆಯುವ ಮಾತನ್ನು ಊರಿನವರ ಜೊತೆ ಕೂತು ಆಡಿ. ಪಕ್ಕದಲ್ಲೊಂದು ದೀಪದ ಕಂಬ ಇಟ್ಟು, ಎಣ್ಣೆ ಅದಕ್ಕೆ ಹಾಕೋಣ ಎಂದು ಕೇಳಿ ನೋಡಬಹುದು. ಹೋಲಿಸಿ ಗುರುತು ಹಾಕಿದ ಹಾಳೆಯ ಚಿತ್ರ ತೆಗೆದು ಕಲ್ಲಿನ ಚಿತ್ರದ ಪಕ್ಕದಲ್ಲಿ ಹಾಕಿ. ಆ ಜೋಡಿ ಚಿತ್ರಕ್ಕೆ ಮೊದಲ ಮೆಚ್ಚುಗೆ ನನ್ನದು.